ರೇಸ್ ಸೀಸನ್ ಮುಗಿದ ಮೇಲೆ: ಪೂರ್ಣ ವಿಶ್ರಾಂತಿ, ನಿಧಾನ ಸವಾರಿ, ಭಾರದ ವ್ಯಾಯಾಮ

ಮಹಿಳೆಯರ ಅಂತಾರಾಷ್ಟ್ರೀಯ ಸೈಕಲ್ ರೋಡ್ ರೇಸಿಂಗ್ ಸೀಸನ್ ಜನವರಿಯಲ್ಲಿ ಆಸ್ಟ್ರೇಲಿಯಾದ ಟೂರ್ ಡೌನ್ ಅಂಡರ್‌ನಿಂದ ಆರಂಭವಾಗಿ, ಯುರೋಪಿನ ವಸಂತಕಾಲದ ಒಂದು ದಿನದ ರೇಸುಗಳು, 2022ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ಫಾಮ್ ಮತ್ತು ವಿಶ್ವ ಚಾಂಪಿಯನ್‌ಶಿಪ್‌ಗಳನ್ನು ದಾಟಿ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ. ಆ ಸವಾರರು ಸೈಕಲ್ ಕೆಳಗಿಡುವ ಹೊತ್ತಿಗೆ ಯುರೋಪಿನಲ್ಲಿ ಚಳಿ ಇಳಿಯುತ್ತಿರುತ್ತದೆ. ಕಾರವಾರದವಳಾದ ನನ್ನ ಸೀಸನ್ ಮಳೆಗಾಲ ಕಳೆದ ಮೇಲೆ ತೊಡಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಅಂದರೆ ನನ್ನ ವಿಶ್ರಾಂತಿಯ ಕಾಲ ಕರಾವಳಿಯ ಅತಿ ಸೆಖೆಯ ತಿಂಗಳುಗಳಲ್ಲಿ ಬರುತ್ತದೆ; ಅದರ ಬೆನ್ನಿಗೇ ಮಳೆ. ಸೀಸನ್ ನಂತರ ಏನು ಮಾಡಬೇಕು ಎಂದು ಯುರೋಪಿನ ತರಬೇತುದಾರರು ಬರೆಯುವ ಸಲಹೆಗಳಲ್ಲಿ ಈ ಒಂದು ಸಂಗತಿ ಇರುವುದಿಲ್ಲ. ಹಾಗಾಗಿ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕ್ರಮಗಳನ್ನು ಅನುಸರಿಸಿ, ಬೆಳಗಿನ ನಾಡಿಬಡಿತ, ನಿದ್ರೆ, ಮುಟ್ಟಿನ ದಿನಾಂಕ, ತುಳಿಯುವ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ಅಳೆಯುವ ಪವರ್ ಮೀಟರ್‌ನ ಅಂಕಿ ಇವನ್ನೆಲ್ಲ ಬರೆದಿಟ್ಟುಕೊಂಡು ಹೋಲಿಸಿ ನೋಡಿದ್ದೇನೆ.

ಮೊದಲು ನಿಧಾನ ಸವಾರಿಯ ವಿಚಾರ, ಏಕೆಂದರೆ ಹೆಚ್ಚಿನವರು ಆರಿಸಿಕೊಳ್ಳುವುದು ಅದನ್ನೇ. ರೇಸ್ ಇಲ್ಲ, ಬಿಟ್ಟು ಬಿಟ್ಟು ಜೋರಾಗಿ ತುಳಿಯುವ ಇಂಟರ್ವಲ್ ಇಲ್ಲ, ಬೆಳಿಗ್ಗೆ ಎದ್ದು ಒಂದೆರಡು ಗಂಟೆ ಆರಾಮವಾಗಿ ಪೆಡಲ್ ತುಳಿದು ಬರುವುದು. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿಯ ಕಡೆಗೆ ಹೋಗಬಹುದು. ಹೆದ್ದಾರಿಯ ಲಾರಿಗಳು ಬೇಡವೆನ್ನುವವರು ಕಾಳಿ ನದಿಯ ಒತ್ತಿನಲ್ಲೇ ಸಾಗುವ ಕದ್ರಾ, ಮಲ್ಲಾಪುರದ ದಾರಿ ಹಿಡಿಯಬಹುದು. ನೋಟಕ್ಕೆ ಇದಕ್ಕಿಂತ ಚೆಂದದ ರಸ್ತೆ ನನಗೆ ಬೇರೆ ಗೊತ್ತಿಲ್ಲ. ಆದರೆ ಏಪ್ರಿಲ್‌ನ ಕರಾವಳಿಯಲ್ಲಿ ನಿಧಾನ ಸವಾರಿ ನಿಜಕ್ಕೂ ನಿಧಾನವಾಗಿ ಉಳಿಯುವುದಿಲ್ಲ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಮೈಮೇಲಿನ ಬೆವರು ಆರದೆ ಹರಿದುಹೋಗುತ್ತದೆ; ಬೆವರು ಆರದಿದ್ದರೆ ಮೈ ತಣಿಯದು; ಮೈ ತಣಿಸಲು ದೇಹ ಚರ್ಮದ ಕಡೆಗೆ ಹೆಚ್ಚು ರಕ್ತ ಕಳುಹಿಸುತ್ತದೆ, ಸ್ನಾಯುವಿಗೂ ಚರ್ಮಕ್ಕೂ ಒಟ್ಟಿಗೆ ರಕ್ತ ಒದಗಿಸಬೇಕಾದ ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ. ಪವರ್ ಮೀಟರ್‌ನಲ್ಲಿ ವ್ಯಾಟ್ ಕದಲದೆ ನಿಂತಿದ್ದರೂ ಸವಾರಿಯ ಕೊನೆಯ ಅರ್ಧ ಗಂಟೆಯಲ್ಲಿ ಹೃದಯಬಡಿತ ಏರುತ್ತಲೇ ಹೋಗುವುದನ್ನು ನಾನು ಪ್ರತಿ ಬೇಸಿಗೆಯಲ್ಲೂ ನೋಡಿದ್ದೇನೆ. ಬೆಲ್ಜಿಯಂನಲ್ಲಿ ಅಕ್ಟೋಬರ್‌ನಲ್ಲಿ ಇದೇ ವ್ಯಾಟ್‌ಗೆ ತುಳಿಯುವವಳಿಗೆ ಅದು ವಿಶ್ರಾಂತಿ. ನಮಗೆ ಅದು ಇನ್ನೊಂದು ತರಬೇತಿ.

ಹೀಗೆ ನಿಧಾನ ಸವಾರಿ ಮಾಡಿದ ವರ್ಷ ಮೇ ಕೊನೆಗೆ ನನ್ನ ಬೆಳಗಿನ ನಾಡಿ ರೇಸಿನ ತಿಂಗಳುಗಳಲ್ಲಿ ಇದ್ದಷ್ಟೇ ಎತ್ತರದಲ್ಲಿತ್ತು, ರಾತ್ರಿ ಎರಡು ಮೂರು ಸಲ ಎಚ್ಚರವಾಗುತ್ತಿತ್ತು. ಸೈಕಲ್ ಹತ್ತಲು ಬೇಸರವಿರಲಿಲ್ಲ, ಆದರೆ ಹತ್ತಬೇಕೆಂಬ ಹಂಬಲವೂ ಇರಲಿಲ್ಲ. ಇದರ ಒಳ್ಳೆಯ ಅಂಶವನ್ನೂ ಹೇಳಬೇಕು: ಮಳೆಗಾಲದ ತರಬೇತಿ ಶುರುವಾದಾಗ ಪವರ್‌ನ ಅಂಕಿ ಬಹುತೇಕ ಮಾರ್ಚ್‌ನಲ್ಲಿ ಇದ್ದಲ್ಲೇ ಇತ್ತು. ಆದರೆ ಅಲ್ಲಿಂದ ಮೇಲೆ ಹೋಗಲು ಅದು ಬಹಳ ಕಾಲ ಒಪ್ಪಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಪೂರ್ಣ ವಿಶ್ರಾಂತಿ. ಎರಡರಿಂದ ಮೂರು ವಾರ ಸೈಕಲ್ ಮುಟ್ಟುವಂತಿಲ್ಲ, ಬದಲಿಗೆ ಓಟ ಈಜು ಎಂದು ಇನ್ನೊಂದು ವ್ಯಾಯಾಮವನ್ನು ತುರುಕುವಂತೆಯೂ ಇಲ್ಲ. ಇದನ್ನು ಕಾರವಾರದ ಮನೆಯಲ್ಲಿ ಮಾಡುವುದು ಕಷ್ಟ. ಕಣ್ಣೆದುರಿಗೇ ಸೈಕಲ್ ನಿಂತಿರುತ್ತದೆ, ಜೊತೆಯವರ ಫೋನ್ ಬರುತ್ತದೆ. ಹಾಗಾಗಿ ಸೈಕಲ್ ಬಿಟ್ಟು ಶಿರಸಿಯ ಅತ್ತೆಯ ಮನೆಗೆ ಹೋದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಹಗಲು ಬಿಸಿಲಿದ್ದರೂ ರಾತ್ರಿ ಹೊದಿಕೆ ಬೇಕೆನಿಸುವಷ್ಟು ತಂಪಾಗುತ್ತದೆ. ನಿದ್ರೆಯ ದೃಷ್ಟಿಯಿಂದ ಈ ಒಂದು ವ್ಯತ್ಯಾಸವೇ ದೊಡ್ಡದು. "ಮೊದ್ಲು ಊಟ ಮಾಡು ತಂಗಿ, ಸೈಕಲ್ ಸುದ್ದಿ ಆಮೇಲೆ" ಎನ್ನುವುದು ಅತ್ತೆಯ ಕಟ್ಟುನಿಟ್ಟು. ಬೆಳಿಗ್ಗೆ ತುಪ್ಪ ಬೆಲ್ಲದ ಜೊತೆ ತೆಳ್ಳೇವು ಎಂಬ ತೆಳು ದೋಸೆ, ಮಧ್ಯಾಹ್ನ ಅನ್ನದ ಕೊನೆಗೆ ಮಾವಿನಮಿಡಿಯ ಅಪ್ಪೆಹುಳಿ. ಇಂಗು, ಸಾಸಿವೆ, ಒಣಮೆಣಸಿನ ಒಗ್ಗರಣೆ ಬಿದ್ದ ಆ ತಿಳಿಸಾರನ್ನು ಲೋಟದಲ್ಲಿ ಕುಡಿದು ಚಾಪೆ ಹಾಸಿದರೆ ಎರಡು ಗಂಟೆ ಎಚ್ಚರವಿರುವುದಿಲ್ಲ. ಅಪ್ಪೆಹುಳಿಗೆ ನಿದ್ದೆ ಬರುತ್ತದೆ ಎಂದು ಆ ಕಡೆಯವರೆಲ್ಲ ಹೇಳುವುದು ಸುಮ್ಮನೆ ಅಲ್ಲ.

ಪೂರ್ಣ ವಿಶ್ರಾಂತಿಯ ಬಗ್ಗೆ ಎಲ್ಲರಿಗೂ ಇರುವ ಭಯ ಒಂದೇ, ಗಳಿಸಿದ್ದೆಲ್ಲ ಹೋಗಿಬಿಡುತ್ತದೆ ಎಂಬುದು. ಹೋಗುವುದು ನಿಜ, ಆದರೆ ಎಲ್ಲವೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಮೊದಲು ಕುಗ್ಗುವುದು ರಕ್ತದ ದ್ರವಭಾಗವಾದ ಪ್ಲಾಸ್ಮಾ. ಅದು ಕೆಲವೇ ದಿನಗಳಲ್ಲಿ ಕಡಿಮೆಯಾಗುವುದರಿಂದ ಮರಳಿ ಸೈಕಲ್ ಹತ್ತಿದ ದಿನ ಹೃದಯಬಡಿತ ಗಾಬರಿ ಹುಟ್ಟಿಸುವಷ್ಟು ಮೇಲಿರುತ್ತದೆ. ಆದರೆ ತರಬೇತಿ ಪುನಃ ಆರಂಭವಾದ ಕೂಡಲೇ ಬೇಗನೆ ತುಂಬಿಕೊಳ್ಳುವುದೂ ಅದೇ. ಸ್ನಾಯುವಿನ ಒಳಗಿನ ಬದಲಾವಣೆಗಳು ಅದಕ್ಕಿಂತ ನಿಧಾನವಾಗಿ ಕರಗುತ್ತವೆ. ನನ್ನ ದಾಖಲೆಯಲ್ಲಿಯೂ ಇದೇ ಕಾಣುತ್ತದೆ: ಮೊದಲ ವಾರದ ಸವಾರಿಗಳು ಹಿಂಸೆಯಾಗಿದ್ದವು, ಮೂರನೆಯ ವಾರಕ್ಕೆ ನಾಡಿ ಹಿಡಿತಕ್ಕೆ ಬಂದಿತ್ತು, ಮಳೆ ಮುಗಿಯುವ ಹೊತ್ತಿಗೆ ದೇವಿಮನೆ ಘಟ್ಟದ ಏರಿನಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚು ವ್ಯಾಟ್ ಹೊಮ್ಮುತ್ತಿತ್ತು.

ಇಲ್ಲಿ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವಿದೆ, ನನ್ನ ಆಯ್ಕೆಯನ್ನು ನಿರ್ಧರಿಸಿದ್ದೂ ಅದೇ. ಖರ್ಚಾಗುವ ಶಕ್ತಿಗೆ ತಕ್ಕಷ್ಟು ಆಹಾರ ದೇಹಕ್ಕೆ ಬೀಳದೆ ಇದ್ದಾಗ ಮುಟ್ಟು ತಪ್ಪುವುದು, ಮೂಳೆ ಸವೆಯುವುದು, ಪದೇಪದೇ ಕಾಯಿಲೆ ಬೀಳುವುದು ಒಂದರ ಹಿಂದೆ ಒಂದು ಬರುತ್ತವೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂಬ ಹೆಸರು ಕೊಟ್ಟಿತು, 2023ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು. 2025ರ ಟೂರ್ ದ ಫ್ರಾನ್ಸ್ ಫಾಮ್‌ ಅನ್ನು ಫ್ರಾನ್ಸಿನ ಸವಾರೆ ಪೊಲೀನ್ ಫೆರಾಂ ಪ್ರೆವೊ ಗೆದ್ದ ನಂತರ, ಏರಿನ ರೇಸುಗಳಿಗಾಗಿ ತೂಕ ಇಳಿಸುವುದರ ಕುರಿತು ಸವಾರರ ನಡುವೆ ಬಹಿರಂಗ ಚರ್ಚೆಯೇ ನಡೆಯಿತು. ನಮ್ಮ ಜಿಲ್ಲೆಯ ಹುಡುಗಿಯರು ಈ ಮಾತನ್ನು ತರಬೇತುದಾರರ ಎದುರು ಎತ್ತಲು ಇಂದಿಗೂ ಸಂಕೋಚಪಡುತ್ತಾರೆ ಎಂಬುದು ನನಗೆ ನೋವಿನ ವಿಷಯ. ನಿಧಾನ ಸವಾರಿಯ ವರ್ಷದಲ್ಲಿ ನನ್ನ ಮುಟ್ಟು ಸೀಸನ್ ಮುಗಿದ ಮೇಲೂ ಅನಿಯಮಿತವಾಗಿಯೇ ಉಳಿಯಿತು. ಸೆಖೆಯಲ್ಲಿ ಹಸಿವು ಸತ್ತಿರುತ್ತದೆ, ತುಳಿಯುವುದು ಮಾತ್ರ ನಿಂತಿರುವುದಿಲ್ಲ, ಹಾಗಾಗಿ ಕೊರತೆ ತುಂಬುವುದೇ ಇಲ್ಲ. ಶಿರಸಿಯ ವರ್ಷದಲ್ಲಿ ಎರಡನೆಯ ತಿಂಗಳಿಗೆ ಅದು ಸರಿಹೋಯಿತು. ತೂಕ ಸ್ವಲ್ಪ ಏರಿತು. ಏರಲೇಬೇಕಿತ್ತು.

ಇನ್ನು ಮೂರನೆಯದು, ಭಾರ ಎತ್ತುವ ವ್ಯಾಯಾಮ. ಸೀಸನ್ ಮುಗಿದ ಮರುವಾರವೇ ಜಿಮ್ ಸೇರಿ ಸ್ಕ್ವಾಟ್, ಡೆಡ್‌ಲಿಫ್ಟ್ ಶುರು ಮಾಡಿದ ವರ್ಷವೂ ಇದೆ. ಸೈಕಲ್ ತುಳಿಯುವಾಗ ದೇಹದ ಭಾರವನ್ನು ಸೀಟು ಹೊರುತ್ತದೆ; ನೆಲಕ್ಕೆ ಅಪ್ಪಳಿಸುವ ಪೆಟ್ಟು ಎಲುಬಿಗೆ ಬೀಳುವುದೇ ಇಲ್ಲ. ವರ್ಷಗಟ್ಟಲೆ ಹೀಗೇ ಸಾಗಿದರೆ ಬೆನ್ನುಮೂಳೆಯ ಸಾಂದ್ರತೆ ತಗ್ಗುವ ಅಪಾಯ ರೋಡ್ ಸೈಕ್ಲಿಸ್ಟರಿಗೆ ಉಂಟು. ಇದಕ್ಕೆ ಪರಿಹಾರ ಭಾರ ಎತ್ತುವುದು, ಜಿಗಿಯುವುದು; ಸೈಕಲ್ ಮೇಲೆ ಕುಳಿತು ಅದು ಸಿಗುವುದಿಲ್ಲ. ಫಲಿತಾಂಶವೂ ಚೆನ್ನಾಗಿತ್ತು: ಸ್ಪ್ರಿಂಟ್‌ನಲ್ಲಿ ಮೊದಲ ಐದು ಸೆಕೆಂಡಿನ ಪವರ್ ಹೆಚ್ಚಿತು, ಉದ್ದದ ಸವಾರಿಗಳ ಕೊನೆಯಲ್ಲಿ ಸೊಂಟ ಹಿಡಿಯುವುದು ನಿಂತಿತು. ಆದರೆ ದಣಿದ ದೇಹದ ಮೇಲೆ ತಕ್ಷಣ ಭಾರ ಹೇರಿದ್ದರಿಂದ ಮೊದಲ ತಿಂಗಳು ಪೂರ್ತಿ ತೊಡೆಯ ನೋವಿನಲ್ಲೇ ಕಳೆಯಿತು. ಕ್ರಮ ಒಳ್ಳೆಯದೇ, ಆದರೆ ಅದರ ಜಾಗ ಏಪ್ರಿಲ್ ಅಲ್ಲ, ಜೂನ್.

ಮಳೆಗಾಲದಲ್ಲಿ ಮನೆಯೊಳಗೆ ಟ್ರೇನರ್ ಮೇಲೆ, ಅಂದರೆ ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡಿನ ಮೇಲೆ, ತುಳಿಯುವುದನ್ನು ನಾಲ್ಕನೆಯ ಆಯ್ಕೆಯೆಂದು ಕೆಲವರು ಹೇಳುತ್ತಾರೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಕರೆಂಟು ಹೋದಾಗ ಫ್ಯಾನ್ ಇಲ್ಲದೆ ಟ್ರೇನರ್ ಮೇಲೆ ಕುಳಿತು ನೋಡಿದವರಿಗೆ ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯುರೋಪಿನಲ್ಲಿ ಮರಿಯಾನೆ ವೋಸ್, ಲೂಸಿಂಡಾ ಬ್ರಾಂಡ್ ಅಂಥ ರೋಡ್ ಸವಾರರು ಚಳಿಗಾಲದಲ್ಲಿ ಕೆಸರು, ಹುಲ್ಲಿನ ದಾರಿಯಲ್ಲಿ ನಡೆಯುವ ಸೈಕ್ಲೋಕ್ರಾಸ್ ರೇಸುಗಳಲ್ಲಿ ಇಳಿದು ಕಾಲಿನ ಚುರುಕು ಉಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅಂಥ ರೇಸುಗಳ ಸಾಲು ಇಲ್ಲ.

ಸೈಕಲ್‌ನ ದೃಷ್ಟಿಯಿಂದಲೂ ಹೋಲಿಸಬೇಕು, ಏಕೆಂದರೆ ಬಿಡಿಭಾಗಗಳ ಖರ್ಚು ಸಣ್ಣದಲ್ಲ. ನಿಧಾನ ಸವಾರಿಯ ಬೇಸಿಗೆ ಕಳೆದು ಹ್ಯಾಂಡಲ್‌ನ ಟೇಪ್ ಬಿಚ್ಚಿದಾಗ ಅಡಿಯಲ್ಲಿ ಅಲ್ಯುಮಿನಿಯಂ ಮೇಲೆ ಬಿಳಿ ಹುಡಿ ಹೊಪ್ಪಳಿಕೆಯಂತೆ ಎದ್ದಿತ್ತು, ಉಗುರಿನಿಂದ ಕೆರೆದರೆ ಕೆಳಗೆ ಸಣ್ಣ ಸಣ್ಣ ಗುಳಿಗಳು. ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗುವ ಕೀಲಿನ) ಕೆಳಗಿನ ಬೇರಿಂಗ್ ತಿರುಗಿಸಿದರೆ ಕರಕರ ಸದ್ದು. ಬೆವರಿನ ಉಪ್ಪು, ಕಡಲ ಗಾಳಿಯ ಉಪ್ಪು ಎರಡೂ ಸೇರಿ ಮಾಡುವ ಕೆಲಸ ಇದು. ಯಾವ ಕ್ರಮ ಹಿಡಿದರೂ, ಸೀಸನ್ ಮುಗಿದ ವಾರವೇ ಟೇಪ್ ತೆಗೆದು, ಸೀಟ್ ಪೋಸ್ಟ್ ಹೊರಗೆಳೆದು, ಎಲ್ಲ ಒರೆಸಿ ಗ್ರೀಸ್ ಹಚ್ಚಿ ಇಡುವುದು ಕರಾವಳಿಯವರಿಗೆ ಅನಿವಾರ್ಯ.

ಹೀಗಾಗಿ ಈಗ ನಾನು ಪಾಲಿಸುವುದು ಇಷ್ಟು: ಸೀಸನ್ ಮುಗಿದ ಕೂಡಲೇ ಘಟ್ಟ ಹತ್ತಿ ಪೂರ್ಣ ವಿಶ್ರಾಂತಿ, ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವು ಮಾರುಕಟ್ಟೆಗೆ ಬರುವ ಹೊತ್ತಿಗೆ ಕೆಳಗಿಳಿದು ನಡಿಗೆ ಮತ್ತು ಹಗುರ ವ್ಯಾಯಾಮ, ಮಳೆ ಹಿಡಿದ ಮೇಲೆ ವಾರಕ್ಕೆ ಎರಡು ದಿನ ಭಾರ, ಮಳೆ ಬಿಟ್ಟ ಬೆಳಗುಗಳಲ್ಲಿ ಕದ್ರಾ ದಾರಿಯ ಸವಾರಿ. ಆದರೆ ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಮೊದಲ ವರ್ಷ ರೇಸ್ ಮಾಡಿದ ಜೂನಿಯರ್ ಹುಡುಗಿ "ಅಕ್ಕಾ, ನಾನೂ ನಿಲ್ಲಿಸಲಾ?" ಎಂದು ಕೇಳಿದರೆ ಬೇಡವೆನ್ನುತ್ತೇನೆ. ಅವಳು ಓಡಿರುವ ರೇಸುಗಳು ಕಡಿಮೆ, ಹೊತ್ತಿರುವ ದಣಿವೂ ಕಡಿಮೆ. ಒಂದು ವಾರ ಬಿಟ್ಟು, ಬಿಸಿಲೇರುವ ಮೊದಲೇ ಮನೆ ಸೇರುವಂತೆ ವಾರಕ್ಕೆ ಮೂರು ದಿನ ತುಳಿದರೆ ಅವಳಿಗೆ ಸಾಕು. ಬಿದ್ದು ಕೊರಳೆಲುಬು ಮುರಿದುಕೊಂಡು ಸೀಸನ್ ಅರ್ಧಕ್ಕೇ ನಿಂತವರಿಗೂ ಅಷ್ಟೆ, ಅವರಿಗೆ ವಿಶ್ರಾಂತಿ ಆಗಲೇ ಆಗಿರುತ್ತದೆ, ಮೂಳೆ ಕೂಡಿತೆಂದು ವೈದ್ಯರು ಹೇಳಿದ ಮೇಲೆ ಅವರು ಸೈಕಲ್ ಹತ್ತುವುದೇ ಸರಿ.