ಕನ್ನಡ ಓದಲು ಇ-ರೀಡರ್: ಕೆಲವು ವರ್ಷ ಬಳಸಿದ ಮೇಲೆ

ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಇರುವ ಎಲೆಕ್ಟ್ರಾನಿಕ್ ಸಾಧನ, ತಗೋಬಹುದಾ ಎಂದು ಕೇಳಿದವರಿಗೆ ನಾನು ಮೊದಲು ಕೇಳುವುದು, ನೀವು ಯಾವ ಭಾಷೆಯಲ್ಲಿ ಜಾಸ್ತಿ ಓದುತ್ತೀರಿ ಅಂತ. ಇಂಗ್ಲಿಷ್ ಆದರೆ ಯೋಚನೆ ಬೇಡ, ತಗೊಳ್ಳಿ. ಕನ್ನಡ ಆದರೆ ಸ್ವಲ್ಪ ಕೂತು ಮಾತಾಡಬೇಕು. ನಾನು ಓದುವುದು ಹೆಚ್ಚಾಗಿ ಕನ್ನಡವೇ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಆರು ಇಂಚಿನ ಇ-ಇಂಕ್ ರೀಡರ್ ಮನೆಗೆ ಬಂದು ಕೆಲವು ವರ್ಷವಾಯಿತು. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ಬಹುಪಾಲು ವಿಷಯ ಯಾವ ಕಂಪನಿಯ ರೀಡರ್ ತಗೊಂಡರೂ ಎದುರಾಗುವಂಥದ್ದು.

ಪರದೆಯ ಬಗ್ಗೆ ದೂರೇ ಇಲ್ಲ. ಇದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಅವುಗಳಲ್ಲಿ ಕಪ್ಪು, ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಕಪ್ಪೋ ಬಿಳಿಯೋ ಮೇಲೆ ಬಂದು ಅಕ್ಷರ ಮೂಡುತ್ತದೆ, ಆಮೇಲೆ ಹಾಗೇ ನಿಲ್ಲುತ್ತದೆ. ಪುಟ ತಿರುಗಿಸಿದಾಗ ಮಾತ್ರ ಮತ್ತೆ ಕರೆಂಟ್ ಬೇಕು. ಅದಕ್ಕೇ ಬ್ಯಾಟರಿ ಅಷ್ಟು ದಿನ ಬರುತ್ತದೆ. ಫೋನಿನ ಹಾಗೆ ಹಿಂದಿನಿಂದ ಬೆಳಕು ಹೊಡೆಯುವುದಿಲ್ಲ, ಮುಂದಿನ ಅಂಚಿನಿಂದ ಅಕ್ಷರದ ಮೇಲೆ ಬೀಳುತ್ತದೆ. ಏಪ್ರಿಲ್ ತಿಂಗಳ ನಮ್ಮೂರ ಬಿಸಿಲಿನಲ್ಲಿ ಕುಂದುವಾಡ ಕೆರೆ ಹತ್ತಿರ ಕೂತರೂ ಚೆನ್ನಾಗಿ ಕಾಣುತ್ತದೆ. ಆಗಾಗ ಪರದೆ ಪೂರ್ತಿ ಕಪ್ಪಾಗಿ ಮಿನುಗುತ್ತದೆ, ಹಿಂದಿನ ಪುಟದ ನೆರಳು ಅಳಿಸಲು. ಹೊಸಬರು ಅದನ್ನು ನೋಡಿ ಕೆಟ್ಟಿತೇನೋ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ.

ಇದು ನಿಜವಾಗಿ ಉಪಯೋಗಕ್ಕೆ ಬಂದಿದ್ದು ನನಗಲ್ಲ, ಅವ್ವನಿಗೆ. ಎಪ್ಪತ್ತು ದಾಟಿದ ಕಣ್ಣು, ಪೊರೆಯ ಆಪರೇಷನ್ ಬೇರೆ ಆಗಿತ್ತು. ಪುಸ್ತಕ ಹಿಡಿದರೆ ಎರಡು ಪುಟಕ್ಕೇ ತಲೆನೋವು. ಓದುವುದನ್ನೇ ಬಿಟ್ಟುಬಿಟ್ಟಿದ್ದರು. ಈಗ ಅಕ್ಷರವನ್ನು ಬೆರಳಿನ ಉಗುರಿನಷ್ಟು ದೊಡ್ಡದು ಮಾಡಿಕೊಂಡು ತ್ರಿವೇಣಿಯವರ 'ಶರಪಂಜರ' ಓದುತ್ತಿದ್ದಾರೆ. ಒಂದು ಪರದೆಗೆ ಏಳೆಂಟು ಸಾಲು ಅಷ್ಟೇ. ಪುಟ ತಿರುಗಿಸಿ ತಿರುಗಿಸಿ ಬೇಜಾರಾಗಲ್ವಾ ಎಂದು ಕೇಳಿದೆ. "ಬೇಜಾರ್ಯಾಕೆ ಬರುತ್ತವ್ವ, ಕಾಣುತ್ತಲ್ಲ" ಅಂದರು.

ಈ ಕಾದಂಬರಿಯಲ್ಲಿ, ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಚಿಕಿತ್ಸೆ ಪಡೆದು ವಾಸಿಯಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರು ಮಾತ್ರ ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ಅವ್ವ ಇದನ್ನು ಹುಡುಗಿಯಾಗಿದ್ದಾಗ ಒಮ್ಮೆ ಓದಿದ್ದರು. ಪುಟ್ಟಣ್ಣ ಕಣಗಾಲರ ಸಿನಿಮಾ 1971ರಲ್ಲಿ ಬಂದಾಗ ಅದನ್ನೂ ನೋಡಿದ್ದರು. ಆಗ ಸಿಟ್ಟು ಬಂದಿದ್ದು ಗಂಡನ ಮೇಲೆ ಮಾತ್ರವಂತೆ. ಈಗ ಕೆಲಸದವರು, ಅಕ್ಕಪಕ್ಕದವರು, ಬಂದುಹೋಗುವವರು ಆಡುವ ಒಂದೊಂದು ಸಣ್ಣ ಮಾತೂ ಚುಚ್ಚುತ್ತದೆಯಂತೆ. ನಮ್ಮ ಓಣಿಯಲ್ಲೂ ಹಾಗೆ ಅನ್ನಿಸಿಕೊಂಡ ಒಬ್ಬ ಹೆಂಗಸಿದ್ದರು, ಅವರ ವಿಷಯ ಅವ್ವ ನನಗೆ ಹೇಳಿದ್ದು ಈ ಓದಿನ ನಡುವೆಯೇ. ಮನಶ್ಶಾಸ್ತ್ರ ಓದಿಕೊಂಡಿದ್ದ ಲೇಖಕಿ ಅರವತ್ತು ವರ್ಷಕ್ಕೂ ಹಿಂದೆ ಇಷ್ಟು ಸರಿಯಾಗಿ ಬರೆದಿದ್ದಾರಲ್ಲ ಎಂದು ನನಗೆ ಪುಟಪುಟಕ್ಕೂ ಅನ್ನಿಸುತ್ತದೆ. ಬಾಣಂತಿಯ ಮನಸ್ಸಿನ ಬಗ್ಗೆ ನಮ್ಮ ಮನೆಗಳಲ್ಲಿ ಇವತ್ತಿಗೂ ಯಾರು ಮಾತಾಡುತ್ತಾರೆ?

ಆದರೆ ಆ ಪುಸ್ತಕ ರೀಡರ್‌ಗೆ ತಾನಾಗಿ ಬಂದು ಕೂತಿದ್ದಲ್ಲ. ಕೊಳ್ಳುವ ಮುಂಚೆ ನೀವು ತಿಳಿಯಬೇಕಾದ ಮುಖ್ಯ ವಿಷಯ ಇದೇ. ಮನೆಯಲ್ಲಿದ್ದ ಹಳೆಯ ಪ್ರತಿಯ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದೆ. ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟೆ. ಬಂದ ಪಠ್ಯವನ್ನು ರಾತ್ರಿ ಹೊತ್ತು ಕೂತು ತಿದ್ದಿದೆ. ಕನ್ನಡ ಓಸಿಆರ್ ಈಗ ಪರವಾಗಿಲ್ಲ. ಆದರೂ ಹಳೆಯ ಮೊಳೆ ಅಚ್ಚಿನ ಪುಸ್ತಕದಲ್ಲಿ 'ಪ' ಹೋಗಿ 'ಷ' ಆಗುತ್ತದೆ, 'ಧ'ದ ಹೊಟ್ಟೆ ಸೀಳದೆ 'ದ' ಆಗುತ್ತದೆ, ಅನುಸ್ವಾರದ ಜಾಗಕ್ಕೆ ಅಂಕಿಯ ಸೊನ್ನೆ ಬಂದು ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ. ಆದರೆ ಸಾಲು ಮುರಿಯುವಾಗ ಪದ ಎಲ್ಲೆಲ್ಲೋ ತುಂಡಾಗುತ್ತದೆ. ಒಂದು ಕಾದಂಬರಿ ಮುಗಿಸಲು ಬಹಳ ತಾಳ್ಮೆ ಬೇಕು. ಅವ್ವನಿಗಾಗಿ ಮಾಡಿದೆ, ಎಲ್ಲರಿಗೂ ಮಾಡಿ ಎಂದು ಹೇಳಲಾರೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಇದೆಯಲ್ಲ ಅನ್ನಬಹುದು. ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಎಷ್ಟೋ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಅವು ಪುಟದ ಚಿತ್ರಗಳು. ನಮ್ಮ ಕಾದಂಬರಿಗಳ ಸಾಮಾನ್ಯ ಅಳತೆ ಡೆಮಿ ಅಷ್ಟ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಆರು ಇಂಚಿನ ರೀಡರ್ ಅಂದಾಗ ಆ ಆರು ಇಂಚು ಮೂಲೆಯಿಂದ ಮೂಲೆಗೆ. ಅಗಲ ಮೂರೂವರೆ ಇಂಚು ಚಿಲ್ಲರೆ ಅಷ್ಟೇ. ಇಡೀ ಪುಟ ಹಿಡಿಸಿದರೆ ಅಕ್ಷರ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ರೀಡರನ್ನು ಅಡ್ಡ ಹಿಡಿದು, ಸುತ್ತಲಿನ ಅಂಚು ಕತ್ತರಿಸಿಕೊಂಡರೆ ನಾನು ಹೇಗೋ ಓದುತ್ತೇನೆ. ಅವ್ವನಿಗೆ ಆಗುವುದಿಲ್ಲ. ಕಣ್ಣು ಮಂದವಾದವರಿಗಾಗಿ ರೀಡರ್ ಕೊಳ್ಳುವವರು ಇದನ್ನು ಖಂಡಿತ ಗಮನಿಸಬೇಕು. ಯುನಿಕೋಡ್ (ಎಲ್ಲ ಕಂಪ್ಯೂಟರ್, ಫೋನುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ವ್ಯವಸ್ಥೆ) ಪಠ್ಯವಿರುವ ಇಪಬ್ ಎಂಬ ಇ-ಪುಸ್ತಕದ ಕಡತ ಆದರೆ ಮಾತ್ರ ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವಾದರೆ ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಪರದೆ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ.

ಅಪ್ಪ ರೀಡರ್ ಮುಟ್ಟುವುದಿಲ್ಲ. ಅವರು ಈಗ ಓದುತ್ತಿರುವುದು ತರಾಸು ಅವರ 'ದುರ್ಗಾಸ್ತಮಾನ', ಭೂತಗನ್ನಡಿ ಹಿಡಿದು. ಮಲೇಬೆನ್ನೂರಿನಲ್ಲಿ ಹುಟ್ಟಿದ ಲೇಖಕ, ಪಕ್ಕದ ಚಿತ್ರದುರ್ಗದ ಕಥೆ. ಅಪ್ಪನಿಗೆ ಇದು ಕಾದಂಬರಿಗಿಂತ ಮನೆಯ ವಿಷಯ. ದುರ್ಗ ಹೈದರಾಲಿಯ ಕೈಗೆ ಹೋಗಿದ್ದು 1779ರಲ್ಲಿ. ಮುಗಿಯುವುದು ಹೇಗೆಂದು ಗೊತ್ತಿದ್ದೂ ಕೊನೆಕೊನೆಗೆ ನಿಧಾನ ಮಾಡುತ್ತಾರೆ, ಮುಂದೆ ಹೋಗಲು ಮನಸ್ಸಾಗದೆ. ಆ ದಪ್ಪ ಪುಸ್ತಕ ಎದೆಯ ಮೇಲೆ ಇಟ್ಟುಕೊಂಡು ಕೈ ನೋವು ಅನ್ನುತ್ತಾರೆ. ಇನ್ನೂರು ಗ್ರಾಂ ಒಳಗಿನ ರೀಡರ್‌ನಲ್ಲಿ ಅದು ದೊಡ್ಡ ಅಕ್ಷರದಲ್ಲಿ ಇದ್ದಿದ್ದರೆ ಎಷ್ಟು ಚೆನ್ನ! ಆದರೆ ಇಲ್ಲಿ ಕಾಪಿರೈಟ್ ಅಡ್ಡ ಬರುತ್ತದೆ. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಲೇಖಕರು ತೀರಿದ ಮೇಲೆ 60 ವರ್ಷ ಈ ಹಕ್ಕು ಇರುತ್ತದೆ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳನ್ನು 2024ರಿಂದ ಯಾರು ಬೇಕಾದರೂ ಟೈಪ್ ಮಾಡಿ ಹಂಚಬಹುದು. ತರಾಸು ಹೋಗಿದ್ದು 1984ರಲ್ಲಿ. ಅವರ ಪುಸ್ತಕಗಳಿಗೆ 2044 ಮುಗಿಯಬೇಕು. ಅಲ್ಲಿಯವರೆಗೆ ಪ್ರಕಾಶಕರೇ ಮನಸ್ಸು ಮಾಡಬೇಕು. ದಯವಿಟ್ಟು ಮಾಡಿ. ವಯಸ್ಸಾದ ಓದುಗರು ಕಾಯುತ್ತಿದ್ದಾರೆ, ದುಡ್ಡು ಕೊಟ್ಟೇ ಕೊಳ್ಳುತ್ತಾರೆ.

ನಾನು ಇದರಲ್ಲಿ ಈಗ ಓದುತ್ತಿರುವುದು ವಚನಗಳು. ಈ ಪರದೆಗೆ ವಚನದಷ್ಟು ಹೊಂದುವುದು ಬೇರೆ ಇಲ್ಲ. ಒಂದು ಪರದೆಗೆ ಒಂದು ವಚನ, ಪುಟ ತಿರುಗಿಸುವ ಅವಸರವಿಲ್ಲ. ವಚನ ಸಂಚಯ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಯುನಿಕೋಡ್‌ನಲ್ಲೇ ಇವೆ. ಬೇಕಾದ ವಚನಕಾರರನ್ನು ಆರಿಸಿ, ಪಠ್ಯ ಮಾಡಿಕೊಂಡು ಹಾಕಿಕೊಳ್ಳುತ್ತೇನೆ. ದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಅಕ್ಕಮಹಾದೇವಿಯ ಒಂದು ವಚನ ಓದಿದರೆ ಊರು ಬರುವವರೆಗೂ ಅದೇ ಮನಸ್ಸಿನಲ್ಲಿ ತಿರುಗುತ್ತಿರುತ್ತದೆ.

ಇದರಿಂದ ಆಗದ ಒಂದು ಕೆಲಸವಿದೆ, ಪುಸ್ತಕ ಇನ್ನೊಬ್ಬರ ಕೈಗೆ ಕೊಡುವುದು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆಗ ನಮ್ಮ ಸ್ಟಾಫ್ ರೂಮಿಗೆ ಕನ್ನಡದ ಕಥೆಗಳ ಒಂದೇ ಒಂದು ಪ್ರತಿ ಬಂತು. ಅದು ಇನ್ನೂ ಸುತ್ತುತ್ತಲೇ ಇದೆ. ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾರೆ, ಇನ್ಯಾರೋ ಪಕ್ಕದಲ್ಲಿ 'ಹೌದು' ಎಂದು ಬರೆದಿದ್ದಾರೆ. ಓದಿ ಮುಗಿಸಿದ ಗೆಳತಿಯೊಬ್ಬರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಾತಾಡಿದ್ದು ತನ್ನ ಅಜ್ಜಿಯ ಬಗ್ಗೆ. ಇಂಥ ಓದಿಗೆ ಕಾಗದವೇ ಸರಿ.

ಉಳಿದಿದ್ದು ಚಿಕ್ಕ ವಿಷಯಗಳು. ಬ್ಯಾಟರಿ ಈಗ ಮೊದಲಿನಷ್ಟು ಬರುವುದಿಲ್ಲ, ಆದರೂ ಕರೆಂಟ್ ಹೋದ ರಾತ್ರಿ ಕೈ ಕೊಟ್ಟಿಲ್ಲ. ಮಿರ್ಚಿ ತಿಂದ ಕೈಯಲ್ಲಿ ಪರದೆ ಮುಟ್ಟಬೇಡಿ. ಕವರ್ ಇಲ್ಲದೆ ಬ್ಯಾಗಿಗೆ ಹಾಕಬೇಡಿ, ಪರದೆ ಒಡೆದರೆ ರಿಪೇರಿ ದುಬಾರಿ.

ಕೊಳ್ಳುವುದಾದರೆ ಪರಿಚಯದವರ ರೀಡರ್‌ನಲ್ಲೋ ಅಂಗಡಿಯಲ್ಲೋ ಒಂದು ಕನ್ನಡ ಇಪಬ್ ತೆರೆದು ನೋಡಿ. ಸ್ವಾತಂತ್ರ್ಯ, ಲಕ್ಷ್ಮಿ, ಸೂರ್ಯ ಇಂಥ ಪದಗಳಿರುವ ಪುಟ ಹುಡುಕಿ. ಒತ್ತಕ್ಷರ ಅಕ್ಷರದ ಕೆಳಗೆ ಸರಿಯಾಗಿ ಕೂತಿದೆಯಾ, ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆಯಾ ನೋಡಿ. ತಾಗುತ್ತಿದ್ದರೆ ಸಾಲುಗಳ ನಡುವಿನ ಜಾಗ ಹೆಚ್ಚಿಸಿದರೆ ಸಾಕು. 'ಅಜ್ಜಿ' ಎನ್ನುವುದು 'ಅಜ್‌ಜಿ' ಎಂದು ಬಿಡಿಬಿಡಿಯಾಗಿ ಕಂಡರೆ ಬೇರೆ ಫಾಂಟ್ ಹಾಕಿ ನೋಡಿ. ಆಗಲೂ ಹಾಗೇ ಇದ್ದರೆ ಆ ರೀಡರ್ ಬೇಡ.