ಒಂದೇ ಹೊತ್ತಿಗೆ ಹತ್ತು ಪಂದ್ಯ: ಡಿಶ್, ಆ್ಯಪ್, ಫೈಬರ್ ನಾಲ್ಕು ಸೀಸನ್ ಬಳಸಿದ ಮೇಲೆ

ತುಮಕೂರಿನ ಮನೆಯೊಂದರಲ್ಲಿ ನಾಲ್ಕು ಸೀಸನ್‌ನಿಂದ ನಡೆದುಕೊಂಡು ಬಂದಿರುವ ವ್ಯವಸ್ಥೆಯ ವಿಮರ್ಶೆ ಇದು. ತಾರಸಿ ಮೇಲೊಂದು ಡಿಶ್, ಫೈಬರ್ ಇಂಟರ್ನೆಟ್, 43 ಇಂಚಿನ ಟಿವಿ, ಪಕ್ಕದಲ್ಲೊಂದು ಲ್ಯಾಪ್‌ಟಾಪ್, ಫುಟ್‌ಬಾಲ್ ತೋರಿಸುವ ಎರಡು ಆ್ಯಪ್‌ಗಳ ಚಂದಾ. ಕಂಪನಿಗಳ ಹೆಸರು ಬರೆದಿಲ್ಲ. ಪ್ರಸಾರದ ಹಕ್ಕು ಕೆಲವು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತಲೇ ಇರುತ್ತದೆ, ಈ ಸಲ ಒಂದು ಆ್ಯಪ್‌ನಲ್ಲಿದ್ದ ಲೀಗು ಮುಂದಿನ ಸಲ ಇನ್ನೊಂದರಲ್ಲಿರುತ್ತದೆ. ಆ್ಯಪ್ ಯಾವುದಾದರೂ ಕೆಳಗೆ ಬರೆದಿರುವ ತೊಂದರೆಗಳು ಹಾಗೇ ಇರುತ್ತವೆ.

ಒಂದೇ ಪಂದ್ಯ ನೋಡುವವರಿಗೆ ಈ ವಿಮರ್ಶೆ ಬೇಕಿಲ್ಲ, ಅದಕ್ಕೆ ಯಾವ ಆ್ಯಪ್ ಆದರೂ ಸಾಕು. ಪರೀಕ್ಷೆ ಇರುವುದು ಎಲ್ಲ ಮೈದಾನಗಳಲ್ಲೂ ಒಟ್ಟಿಗೆ ಸೀಟಿ ಊದುವ ದಿನಗಳಲ್ಲಿ. ಜರ್ಮನಿಯ ಲೀಗಾದ ಬುಂಡೆಸ್‌ಲೀಗಾದ ಕೊನೆಯ ಸುತ್ತಿನ ಒಂಬತ್ತು ಪಂದ್ಯಗಳು ನಮ್ಮ ಸಂಜೆ 7ಕ್ಕೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಕೊನೆಯ ದಿನದ ಹತ್ತು ಪಂದ್ಯಗಳು ಸಾಮಾನ್ಯವಾಗಿ ಮೇ ತಿಂಗಳ ಭಾನುವಾರ ರಾತ್ರಿ 8.30ಕ್ಕೆ. ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗಿನಲ್ಲಿ 2024-25ರಿಂದ 36 ತಂಡಗಳಿಗೂ ಸೇರಿ ಒಂದೇ ಪಟ್ಟಿ, ಅದರ ಕೊನೆಯ ರಾತ್ರಿ 18 ಪಂದ್ಯ ಒಟ್ಟಿಗೆ, ನಮ್ಮಲ್ಲಿ ನಡುರಾತ್ರಿ 1.30ಕ್ಕೆ. ವಿಶ್ವಕಪ್ಪಿನಲ್ಲಿ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯ ಜೋಡಿಯಾಗಿ ನಡೆಯುತ್ತವೆ. ಈ ಪದ್ಧತಿ ಬಂದದ್ದು 1982ರ ಜೂನ್ 25ರಂದು ಸ್ಪೇನಿನ ಹಿಖೋನ್ ಊರಿನಲ್ಲಿ ನಡೆದ ವಿಶ್ವಕಪ್ ಪಂದ್ಯದಿಂದಾಗಿ. ಅಲ್ಜೀರಿಯಾ ಹಿಂದಿನ ದಿನವೇ ತನ್ನ ಆಟ ಮುಗಿಸಿತ್ತು. ಪಶ್ಚಿಮ ಜರ್ಮನಿ 1-0 ಗೆದ್ದರೆ ತನಗೂ ಎದುರಾಳಿ ಆಸ್ಟ್ರಿಯಾಕ್ಕೂ ಮುಂದಿನ ಸುತ್ತಿನಲ್ಲಿ ಜಾಗ ಸಿಗುತ್ತದೆ, ಅಲ್ಜೀರಿಯಾ ಹೊರಬೀಳುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹತ್ತನೇ ನಿಮಿಷಕ್ಕೆ ಗೋಲು ಬಂತು, ಉಳಿದ ಹೊತ್ತೆಲ್ಲ ಚೆಂಡನ್ನು ಅತ್ತಿಂದಿತ್ತ ತಳ್ಳುತ್ತಾ ಕಳೆದರು. 1986ರ ವಿಶ್ವಕಪ್ಪಿನಿಂದ ಕೊನೆಯ ಪಂದ್ಯಗಳು ಒಂದೇ ಹೊತ್ತಿಗೆ. ಆಟದ ನ್ಯಾಯಕ್ಕೆ ಅದು ಒಳ್ಳೆಯದಾಯಿತು. ನೋಡುವವರಿಗೆ ಮಾತ್ರ ಹೊಸ ಕಷ್ಟ ಶುರುವಾಯಿತು.

ಆ ಕಷ್ಟಕ್ಕೆ ಮುಖ್ಯ ಕಾರಣ ತಡ. ಡಿಶ್‌ನಲ್ಲಿ ಬರುವ ಚಿತ್ರ ಉಪಗ್ರಹಕ್ಕೆ ಏರಿ 35,786 ಕಿಲೋಮೀಟರ್ ಎತ್ತರದಿಂದ ಇಳಿದು ಬರಲು ಹಿಡಿಯುವುದು ಕಾಲು ಸೆಕೆಂಡ್ ಮಾತ್ರ, ಉಳಿದ ತಡವೆಲ್ಲ ಚಿತ್ರವನ್ನು ಸಂಕುಚಿಸಿ ಬಿಚ್ಚುವುದರಲ್ಲಿ ಆಗುವಂಥದ್ದು. ಆ್ಯಪ್‌ನ ಕತೆ ಬೇರೆ. ಅಲ್ಲಿ ಚಿತ್ರವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ, ನಿಮ್ಮ ಟಿವಿ ಮೂರ್ನಾಲ್ಕು ತುಂಡು ಕೂಡಿಟ್ಟುಕೊಂಡ ಮೇಲೆ ಆಡಿಸಲು ಶುರುಮಾಡುತ್ತದೆ. ಹಾಗಾಗಿ ಆ್ಯಪ್ ಡಿಶ್‌ಗಿಂತ 20ರಿಂದ 40 ಸೆಕೆಂಡ್ ಹಿಂದೆ ಓಡುತ್ತದೆ. ನಡುವೆ ಬಫರಿಂಗ್ ಆಗಿ ನಿಂತರೆ ಆ ನಿಂತ ಹೊತ್ತೂ ಇದಕ್ಕೆ ಸೇರುತ್ತದೆ, ಹೆಚ್ಚಿನ ಆ್ಯಪ್‌ಗಳು ತಾವಾಗಿ ಓಡಿಬಂದು ಸರಿದೂಗಿಸಿಕೊಳ್ಳುವುದಿಲ್ಲ. ಪರದೆಯ ಮೇಲಿನ ‘ಲೈವ್’ ಗುಂಡಿ ಒತ್ತಿದರೆ ಮಾತ್ರ ಮತ್ತೆ ಮುಂದಕ್ಕೆ ನೆಗೆಯುತ್ತದೆ. ಅರ್ಧ ವಿರಾಮದಲ್ಲಿ ಎಲ್ಲ ಸಾಧನಗಳಲ್ಲೂ ಈ ಗುಂಡಿಯನ್ನು ಒಮ್ಮೆ ಒತ್ತುವುದು ಅಭ್ಯಾಸವಾಗಲಿ.

ನಿಮ್ಮ ಮನೆಯಲ್ಲಿ ಎಷ್ಟು ತಡ ಎಂದು ಅಳೆಯುವುದು ಸುಲಭ. ಆಟ ಶುರುವಾದ ಮೊದಲ ಐದು ನಿಮಿಷದೊಳಗೆ ಒಂದೇ ಪಂದ್ಯವನ್ನು ಡಿಶ್‌ನಲ್ಲೂ ಆ್ಯಪ್‌ನಲ್ಲೂ ಹಾಕಿ. ಪರದೆಯ ಮೂಲೆಯ ಗಡಿಯಾರ ನೋಡಿ. ಡಿಶ್‌ನಲ್ಲಿ 3:20 ಇದ್ದಾಗ ಆ್ಯಪ್‌ನಲ್ಲಿ 2:48 ಇದ್ದರೆ ತಡ 32 ಸೆಕೆಂಡ್. ಬೇರೆ ಬೇರೆ ಪಂದ್ಯಗಳ ಗಡಿಯಾರ ಇಟ್ಟು ಅಳೆಯಬೇಡಿ, ಒಂದೇ ಹೊತ್ತಿಗೆ ಎಂದರೂ ಒಂದು ಕಡೆ ಸೀಟಿ ಅರ್ಧ ನಿಮಿಷ ಹಿಂದೆಮುಂದೆ ಆಗಿರುತ್ತದೆ.

ನಾಲ್ಕು ಸೀಸನ್‌ನಲ್ಲಿ ಕಂಡುಕೊಂಡ ಅತಿ ಉಪಯೋಗದ ಸಂಗತಿ ಇದು: ಒಂದೇ ಪಂದ್ಯ ನೋಡುವಾಗ ಶತ್ರುವಾದ ಈ ತಡ, ಹತ್ತು ಪಂದ್ಯ ನೋಡುವಾಗ ನೆಂಟ. ಸ್ಕೋರ್ ತಿಳಿಸುವ ಆ್ಯಪ್‌ಗಳಿಗೆ ಸುದ್ದಿ ಹೋಗುವುದು ಮೈದಾನದಲ್ಲೇ ಕೂತು ದಾಖಲಿಸುವವರಿಂದ, ಚಿತ್ರದಿಂದಲ್ಲ. ಫೋನ್ ಕಿಣಿಗುಟ್ಟಿದಾಗ ಆ್ಯಪ್‌ನ ಚಿತ್ರದಲ್ಲಿ ಚೆಂಡು ಇನ್ನೂ ನಡು ಮೈದಾನದಲ್ಲೇ ಇರುತ್ತದೆ. ಆಗ ಆ ಪಂದ್ಯಕ್ಕೆ ಹಾರಿದರೆ ಗೋಲು ಕಣ್ಣೆದುರೇ ಬೀಳುತ್ತದೆ. ಇದು ನಡೆಯಬೇಕಾದರೆ ಸಿದ್ಧತೆ ಬೇಕು. ನೀವು ಬಹಳ ಪ್ರೀತಿಸುವ ಪಂದ್ಯವನ್ನು ಡಿಶ್‌ನಲ್ಲಿ ಹಾಕಿ, ಅದರ ನೋಟಿಫಿಕೇಶನ್ ಆರಿಸಿ. ಲೆಕ್ಕಕ್ಕೆ ಬರುವ ಉಳಿದ ಮೂರ್ನಾಲ್ಕು ಪಂದ್ಯಗಳಿಗೆ ಮಾತ್ರ ನೋಟಿಫಿಕೇಶನ್ ಇಡಿ, ಅದೂ ಗೋಲು ಮತ್ತು ಕೆಂಪು ಕಾರ್ಡಿಗೆ ಮಾತ್ರ. ಆಟ ಶುರುವಾಗುವ ಮುಂಚೆ ಆ್ಯಪ್‌ನಲ್ಲಿ ಆ ಪಂದ್ಯಗಳನ್ನೆಲ್ಲ ಒಂದೊಂದಾಗಿ ತೆರೆದು ಮುಚ್ಚಿ, ಆಗ ಅವು ‘ನೋಡುತ್ತಿರುವುದು’ ಸಾಲಿನಲ್ಲಿ ಮೊದಲಿಗೆ ಬಂದು ಕೂರುತ್ತವೆ, ಹುಡುಕುವ ಕೆಲಸ ತಪ್ಪುತ್ತದೆ. ರಿಮೋಟಿನಲ್ಲಿ ಎರಡು ಒತ್ತಿಗೆ ಪಂದ್ಯ ತೆರೆಯಬೇಕು, ಎಂಟು ಸೆಕೆಂಡ್ ಮೀರಬಾರದು.

ಇಲ್ಲೇ ಅಗ್ಗದ ಪ್ಯಾಕ್ ಕೈ ಕೊಡುವುದು. ಜಾಹೀರಾತು ಇರುವ ಪ್ಯಾಕ್‌ನಲ್ಲಿ ಪಂದ್ಯ ಬದಲಿಸಿದಾಗಲೆಲ್ಲ 15ರಿಂದ 30 ಸೆಕೆಂಡ್ ಜಾಹೀರಾತು ಬಂದರೆ ಗಳಿಸಿದ ಹೊತ್ತೆಲ್ಲ ಅಲ್ಲೇ ಕರಗುತ್ತದೆ. ಏಕಕಾಲದ ಪಂದ್ಯಗಳಿಗಾಗಿಯೇ ಚಂದಾ ಹಾಕುವವರು ಜಾಹೀರಾತಿಲ್ಲದ ಪ್ಯಾಕ್ ಇದೆಯೇ, ಒಂದೇ ಖಾತೆಯಲ್ಲಿ ಒಟ್ಟಿಗೆ ಎಷ್ಟು ಸಾಧನ ಓಡಿಸಬಹುದು, ಈ ಎರಡನ್ನು ಮೊದಲು ನೋಡಿ. 4ಕೆ ಇದೆಯೇ ಇಲ್ಲವೇ ಎಂಬುದು ಈ ರಾತ್ರಿಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಎಚ್ಚರಿಕೆ: ನೋಟಿಫಿಕೇಶನ್ ಬಂದ ಗೋಲನ್ನು ವಿಎಆರ್ (ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ) ಆಮೇಲೆ ಅಳಿಸಬಹುದು. ನಿಮ್ಮ ಅಂಕಪಟ್ಟಿ ತಿದ್ದುವ ಮುಂಚೆ ಮತ್ತೆ ಆಟ ನಡುಗೆರೆಯಿಂದ ಶುರುವಾಯಿತೇ ಎಂದು ಕಣ್ಣಾರೆ ನೋಡಿ.

ಈಗ ನಮ್ಮೂರಿನ ಮಾತು. ಯುರೋಪಿನ ಲೀಗುಗಳು ಮುಗಿಯುವ ಮೇ ತಿಂಗಳೇ ತುಮಕೂರು, ಗುಬ್ಬಿ, ತಿಪಟೂರು ಕಡೆ ಸಂಜೆ ಗುಡುಗು ಮಳೆಯ ಕಾಲ. ಏಳು ಗಂಟೆಗೆ ಗಾಳಿ ಏಳುತ್ತದೆ, ಏಳೂವರೆಗೆ ಕರೆಂಟ್ ಹೋಗುತ್ತದೆ, ಎಂಟೂವರೆಗೆ ಪಂದ್ಯ. ಮನೆಯ ಡಿಶ್ ಹಿಡಿಯುವ ಕೆಯು ಬ್ಯಾಂಡ್ ಅಲೆಗಳನ್ನು ದಟ್ಟ ಮಳೆ ನುಂಗಿಬಿಡುತ್ತದೆ. ಕೇಬಲ್‌ನವರು ಚಾನೆಲ್ ಇಳಿಸಿಕೊಳ್ಳುವ ದೊಡ್ಡ ತಟ್ಟೆ ಸಿ ಬ್ಯಾಂಡಿನದು, ಅದಕ್ಕೆ ಮಳೆಯ ಬಾಧೆ ಕಡಿಮೆ. ಆದರೆ ಬೀದಿಯ ಕಂಬದ ಮೇಲಿರುವ ಆಂಪ್ಲಿಫೈಯರ್‌ಗೆ ಕರೆಂಟ್ ಇಲ್ಲದಿದ್ದರೆ ಕೇಬಲ್ ಮಲಗುತ್ತದೆ. ಫೈಬರ್ ಎಳೆಗೆ ಮಳೆಯೂ ಇಲ್ಲ, ಗುಡುಗೂ ಇಲ್ಲ, ಆದರೆ ಬಡಾವಣೆಯ ಪೆಟ್ಟಿಗೆಯೊಳಗಿನ ಸ್ವಿಚ್ಚಿಗೆ ಬ್ಯಾಟರಿ ಇಡದಿದ್ದರೆ ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಸಂಪರ್ಕ ತೆಗೆದುಕೊಳ್ಳುವಾಗ ವೇಗ ಎಷ್ಟು ಎಂದು ಕೇಳುವುದಕ್ಕಿಂತ, ಕರೆಂಟ್ ಹೋದರೆ ನಿಮ್ಮ ಪೆಟ್ಟಿಗೆಯ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದು ಕೇಳಿ. ಮೊಬೈಲ್ ಟವರಿಗೆ ಬ್ಯಾಟರಿ ಬ್ಯಾಕಪ್ ಇರುವುದರಿಂದ ಫೋನಿನ ಹಾಟ್‌ಸ್ಪಾಟ್ ಕೊನೆಯ ಆಸರೆ. ಲೆಕ್ಕ ಇಟ್ಟುಕೊಳ್ಳಿ, 5 ಎಂಬಿಪಿಎಸ್ ಚಿತ್ರ ಗಂಟೆಗೆ ಸುಮಾರು ಎರಡೂಕಾಲು ಜಿಬಿ ತಿನ್ನುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಚಿತ್ರವನ್ನು 480ಕ್ಕೆ ಇಳಿಸದೆ ಪಂದ್ಯ ಮುಗಿಯುವುದಿಲ್ಲ.

ಹಾಗಾಗಿ ಡಿಶ್, ಫೈಬರ್ ಎರಡೂ ಇರುವುದು ದುಂದಲ್ಲ, ಎರಡೂ ಒಂದೇ ಕಾರಣಕ್ಕೆ ಕೆಡುವುದಿಲ್ಲ.

ಡಿಶ್ಶಿಗೆ ಏಪ್ರಿಲ್‌ನಲ್ಲೇ ಒಂದು ಗಂಟೆ ಕೊಡಿ. ಇಲ್ಲಿಂದ ಡಿಶ್‌ಗಳು ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ, ಆಕಾಶದಲ್ಲಿ ಸಾಕಷ್ಟು ಮೇಲಕ್ಕೆ ನೋಡುತ್ತವೆ. ಆ ದಿಕ್ಕಿಗೆ ಪಕ್ಕದ ತೋಟದ ತೆಂಗಿನ ಗರಿ ಬೆಳೆದು ಬಂದಿದ್ದರೆ ಒಣಗಾಳಿಯಲ್ಲಿ ತೊಂದರೆ ಕಾಣದು, ನೆಂದ ಗರಿ ಬೀಸಿದಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಶಕ್ತಿ, ಗುಣಮಟ್ಟ ಎಂದು ಎರಡು ಪಟ್ಟಿ ಇರುತ್ತವೆ, ನೋಡಬೇಕಾದ್ದು ಗುಣಮಟ್ಟ. ಬಿಸಿಲಿನ ದಿನವೇ ಅದು ಕೆಳಗಿದ್ದರೆ ಮಳೆಗೆ ಉಳಿಯುವುದಿಲ್ಲ. ತಟ್ಟೆಯ ನಟ್ಟು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿ, ಒಬ್ಬರು ಟಿವಿ ನೋಡುತ್ತಾ ಕೂಗಿ ಹೇಳಲಿ, ಅತಿ ಹೆಚ್ಚು ತೋರಿಸಿದಲ್ಲಿ ಬಿಗಿ ಮಾಡಿ. ತಟ್ಟೆಯ ಮುಂದೆ ಅಲೆ ಹಿಡಿಯುವ ಎಲ್‌ಎನ್‌ಬಿಗೆ ಕೇಬಲ್ ಸೇರುವ ಕಡೆ ತುಕ್ಕು ಹಿಡಿದ ಕನೆಕ್ಟರ್ ಬದಲಿಸಿ, ನೀರು ನಿಲ್ಲದ ಟೇಪು ಸುತ್ತಿ. ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಬಿಟ್ಟರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಇಷ್ಟಾದರೂ ಸಾಲದಿದ್ದರೆ 60 ಸೆಂಟಿಮೀಟರ್ ತಟ್ಟೆಗೆ ಬದಲು 90ರದ್ದು ಹಾಕಿಸಿ, ಅದರ ಹರವು ಎರಡೂಕಾಲು ಪಟ್ಟು. ದಟ್ಟ ಮಳೆಗೆ ಚಿತ್ರ ಆಗಲೂ ಹೋಗುತ್ತದೆ, ಬೇಗ ವಾಪಸ್ ಬರುತ್ತದೆ. ಪಂದ್ಯ ಯಾವುದಾದರೂ ಸರಿ, ಸಿಡಿಲು ಹತ್ತಿರ ಬರುವ ಮುಂಚೆಯೇ ಡಿಶ್ ಕೇಬಲ್ ಕಿತ್ತಿಡಿ.

ಯುಪಿಎಸ್ ವಿಷಯದಲ್ಲಿ ಬಹಳ ಮನೆಗಳಲ್ಲಿ ಕಾಣುವ ತಪ್ಪು ಒಂದಿದೆ. ಹೋಮ್ ಯುಪಿಎಸ್‌ನ ಹಿಂದೆ ‘ನಾರ್ಮಲ್’, ‘ಯುಪಿಎಸ್’ ಎಂದು ಎರಡು ಮೋಡಿನ ಸಣ್ಣ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣ ಸ್ವಲ್ಪ ಉದ್ದ. ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ, ರೌಟರ್ ಮಾತ್ರ ಆರಿ ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗಿಡಿ. ಇಲ್ಲವೇ ರೌಟರಿಗೇ ಪುಟ್ಟ ಮಿನಿ ಯುಪಿಎಸ್ ತನ್ನಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮೊದಲು ನೋಡಿಕೊಳ್ಳಿ, ಹೆಚ್ಚಿನವು 12 ವೋಲ್ಟ್, ಕೆಲವು 9. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು.

ಪರದೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಚಿತ್ರ ಸಾಕು, ಮೂರು ಮಿತಿ. ನಾಲ್ಕಾದರೆ ಯಾವುದನ್ನೂ ನೋಡಿದಂತಾಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಬಳಸಿದರೆ ಒಂದಕ್ಕಿಂತ ಹೆಚ್ಚು ವಿಡಿಯೊಗಳನ್ನು ಬೇರ್ಪಡಿಸಿ ತೇಲುವ ಕಿಟಕಿಗಳಾಗಿ ಇಡಬಹುದು. ವಿಡಿಯೊ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್ ಜೊತೆ ] ಕೀಲಿ ಒತ್ತಿ. ಟಿವಿಗೆ ವೈಫೈ ಬದಲು ಲ್ಯಾನ್ ಕೇಬಲ್ ಎಳೆದರೆ ಬಫರಿಂಗ್ ಅರ್ಧಕ್ಕರ್ಧ ಕಡಿಮೆಯಾದಂತೆಯೇ. ನಡುರಾತ್ರಿಯ ಪಂದ್ಯಕ್ಕೆ ಹೆಡ್‌ಫೋನ್, ಮನೆಯವರ ನಿದ್ದೆ ಮುಖ್ಯ.

ಆದರೆ ಅಂಕಪಟ್ಟಿ ಬೇಕೇ ಬೇಕು, ಅದೂ ಕಾಗದದ ಮೇಲೆ. ಆ್ಯಪ್‌ಗಳ ಲೈವ್ ಪಟ್ಟಿ ಅಂಕ, ಗೋಲು ವ್ಯತ್ಯಾಸದವರೆಗೆ ಸರಿ. ಅದರಾಚೆಗೆ ಹೋದರೆ ನಂಬಿಕೆ ಇಡುವಂತಿಲ್ಲ. 2022ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಎದುರು ಪೋಲೆಂಡ್ 0-2 ಹಿಂದಿತ್ತು, ಸೌದಿ ಅರೇಬಿಯಾ ಎದುರು ಮೆಕ್ಸಿಕೊ 2-0 ಮುಂದಿತ್ತು. ಆಗ ಪೋಲೆಂಡ್, ಮೆಕ್ಸಿಕೊ ಎರಡರದೂ ಅಂಕ ಸಮ, ಗೋಲು ವ್ಯತ್ಯಾಸ ಸಮ, ಹೊಡೆದ ಗೋಲೂ ಸಮ. ಹಳದಿ ಕಾರ್ಡು ಕಡಿಮೆ ಇದ್ದುದರಿಂದ ಪೋಲೆಂಡ್ ಮುಂದಿತ್ತು. ಹಳದಿ ಕಾರ್ಡ್ ಎಣಿಸಿಟ್ಟುಕೊಂಡವರಿಗೆ ಮಾತ್ರ ಆ ಹೊತ್ತಿನ ನಿಜವಾದ ಆಟ ಕಂಡಿತು. ಕೊನೆಗೆ 95ನೇ ನಿಮಿಷದಲ್ಲಿ ಸೌದಿ ಒಂದು ಗೋಲು ಹೊಡೆದು ಮೆಕ್ಸಿಕೊದ ದಾರಿ ಮುಚ್ಚಿತು. ಮರುದಿನದ ಗುಂಪಿನಲ್ಲಿ ಜಪಾನ್ ಸ್ಪೇನ್‌ಗಿಂತ, ಕೋಸ್ಟರಿಕಾ ಜರ್ಮನಿಗಿಂತ ಮುಂದಿದ್ದ ಮೂರು ನಿಮಿಷ ಸ್ಪೇನ್, ಜರ್ಮನಿ ಎರಡೂ ಹೊರಗೆ! ಒಂದೇ ಚಿತ್ರ ನೋಡುತ್ತಿದ್ದವರಿಗೆ ಅದು ತಿಳಿಯುವ ಹೊತ್ತಿಗೆ ಜರ್ಮನಿ ಸಮ ಮಾಡಿಯಾಗಿತ್ತು. ಆಟಕ್ಕೆ ಮುಂಚೆ ಕಾಗದದಲ್ಲಿ ಅಂಕ ಸಮವಾದರೆ ಏನು ನಿಯಮ ಎಂದು ಬರೆದಿಡಿ: ಇಂಗ್ಲೆಂಡ್, ಜರ್ಮನಿಯ ಲೀಗಿನಲ್ಲಿ ಮೊದಲು ಗೋಲು ವ್ಯತ್ಯಾಸ, ಸ್ಪೇನಿನ ಲೀಗಿನಲ್ಲಿ ಮೊದಲು ಆ ಎರಡು ತಂಡಗಳ ನಡುವಿನ ಫಲಿತಾಂಶ. ಚಾಂಪಿಯನ್ಸ್ ಲೀಗ್ ರಾತ್ರಿಗೆ 8ರ ಕೆಳಗೊಂದು, 24ರ ಕೆಳಗೊಂದು ಗೆರೆ ಎಳೆಯಿರಿ: ಮೊದಲ 8 ತಂಡ ನೇರ ಹದಿನಾರರ ಸುತ್ತಿಗೆ, 9ರಿಂದ 24 ಪ್ಲೇಆಫ್‌ಗೆ, ಉಳಿದವು ಹೊರಗೆ. ಆ ಎರಡು ಗೆರೆಗಳ ಮೇಲೆ ಕೆಳಗೆ ಇರುವ ತಂಡಗಳ ಪಂದ್ಯವಷ್ಟೇ ನೋಡಿದರೆ ಸಾಕು, 18 ತಾನಾಗಿ ಐದಾರಕ್ಕೆ ಇಳಿಯುತ್ತದೆ. 2025ರ ಜನವರಿಯಲ್ಲಿ ಬ್ರೂಗ್ 24ನೇ ಸ್ಥಾನದಲ್ಲಿ ಉಳಿಯಿತು, ಅಷ್ಟೇ 11 ಅಂಕ ಗಳಿಸಿದ ಡಿನಾಮೊ ಜಾಗ್ರೆಬ್ 25ರಲ್ಲಿ ಹೊರಬಿತ್ತು.

ಇಷ್ಟೆಲ್ಲ ನಾವೇ ಮಾಡಿಕೊಳ್ಳಬೇಕಾಗಿರುವುದು ಎಲ್ಲ ಪಂದ್ಯ ಸುತ್ತಿ ತೋರಿಸುವ ಒಂದು ಪ್ರಸಾರ ಇಲ್ಲಿ ಸದಾ ಸಿಗದಿರುವುದರಿಂದ. ಜರ್ಮನಿಯಲ್ಲಿ ಅದಕ್ಕೆ ‘ಕಾನ್ಫರೆಂಜ್’ ಎನ್ನುತ್ತಾರೆ, ರೇಡಿಯೊ ಕಾಲದಿಂದ ಬಂದದ್ದು. ಪ್ರತಿ ಮೈದಾನಕ್ಕೂ ಒಬ್ಬ ವೀಕ್ಷಕ ವಿವರಣೆಗಾರ. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ‘ಟೋರ್!’ (ಗೋಲು!) ಎಂದು ಕೂಗಿ ನುಗ್ಗುತ್ತಾರೆ, ಚಿತ್ರ ಅಲ್ಲಿಗೆ ತಿರುಗುತ್ತದೆ. ನಿಮ್ಮ ಆ್ಯಪ್‌ನಲ್ಲಿ ಆ ಬಗೆಯ ‘ಗೋಲ್ ಶೋ’ ಕಂಡರೆ ಎರಡನೇ ಪರದೆಗೆ ಬೇರೇನೂ ಹಾಕಬೇಡಿ. ಐಪಿಎಲ್ಲಿಗೆ ಕನ್ನಡ ವಿವರಣೆ ಬಂದ ಮೇಲೆ ನಮ್ಮ ಮನೆಗಳಲ್ಲಿ ಅಜ್ಜಿಯರೂ ಓವರ್ ಎಣಿಸುತ್ತಾರೆ. ವರ್ಷಕ್ಕೆ ನಾಲ್ಕೇ ರಾತ್ರಿ ಕನ್ನಡದಲ್ಲಿ ಇಂಥದ್ದೊಂದು ಕೊಟ್ಟರೂ ಚಂದಾ ಹಣ ಸಾರ್ಥಕ.

ಕೊನೆಯ ಹತ್ತು ನಿಮಿಷದಲ್ಲಿ ಎಚ್ಚರ. ನಿಮ್ಮ ಪಂದ್ಯ ಮುಗಿದರೂ ಉಳಿದವು ಮುಗಿದಿರುವುದಿಲ್ಲ. 2001ರ ಮೇ 19ರಂದು ಬುಂಡೆಸ್‌ಲೀಗಾ ಪ್ರಶಸ್ತಿಗೆ ಬಯರ್ನ್ ಜೊತೆ ಪೈಪೋಟಿಯಲ್ಲಿದ್ದ ಶಾಲ್ಕೆ ತನ್ನ ಪಂದ್ಯ ಗೆದ್ದು ನಿಂತಿತ್ತು, ಹ್ಯಾಂಬರ್ಗ್‌ನಲ್ಲಿ ಬಯರ್ನ್ ಆಟವೂ ಮುಗಿಯಿತು ಎಂಬ ತಪ್ಪು ಸುದ್ದಿ ಹಬ್ಬಿ ಜನ ಮೈದಾನಕ್ಕೇ ನುಗ್ಗಿ ಕುಣಿದರು. ಅಲ್ಲಿ ಆಟ ಇನ್ನೂ ನಡೆಯುತ್ತಿತ್ತು, ಆಂಡರ್ಸನ್ ಹೊಡೆದ ಫ್ರೀಕಿಕ್ ಪ್ರಶಸ್ತಿಯನ್ನು ಬಯರ್ನ್‌ಗೆ ಕೊಟ್ಟಿತು. 2026ರ ಜನವರಿ 28ರ ಚಾಂಪಿಯನ್ಸ್ ಲೀಗ್ ರಾತ್ರಿ, ನಮ್ಮ ಲೆಕ್ಕದಲ್ಲಿ 29ರ ನಸುಕು, ರಿಯಲ್ ಮ್ಯಾಡ್ರಿಡ್ ಎದುರು ಬೆನ್ಫಿಕಾ ಗೆಲ್ಲುತ್ತಿದ್ದರೂ 24ರ ಗೆರೆ ದಾಟಲು ಇನ್ನೊಂದು ಗೋಲು ಬೇಕಿತ್ತು. 98ನೇ ನಿಮಿಷದಲ್ಲಿ ಗೋಲ್‌ಕೀಪರ್ ಟ್ರುಬಿನ್ ಮುಂದೆ ಬಂದು ತಲೆಯಿಂದ ಅದನ್ನು ಹೊಡೆದ. ಹೀಗಾಗಿ ಸ್ಕೋರ್ ಆ್ಯಪ್‌ನಲ್ಲಿ ಉಳಿದ ಪಂದ್ಯಗಳ ಪಕ್ಕವೂ ‘ಮುಗಿದಿದೆ’ ಎಂದು ಬರುವವರೆಗೆ, ಇನ್ನೂ ನಡೆಯುತ್ತಿರುವ ಪಂದ್ಯವನ್ನು ಡಿಶ್‌ನಲ್ಲಿ ಹಾಕಿ ನೋಡಿ, ಅದು ಅತಿ ಕಡಿಮೆ ತಡದ್ದು. ಡಿಶ್‌ನಲ್ಲಿಲ್ಲದಿದ್ದರೆ ಆ್ಯಪ್ ತೆರೆದು ‘ಲೈವ್’ ಒತ್ತಿ.

ಚಂದಾ ವಿಷಯಕ್ಕೆ: ಎರಡೂ ಆ್ಯಪ್ ವರ್ಷವಿಡೀ ಬೇಡ. ಒಂದನ್ನು ಆಗಸ್ಟ್‌ನಿಂದ ಮೇವರೆಗೆ, ಇನ್ನೊಂದನ್ನು ಜನವರಿಗೂ ಮೇಗೂ ಒಂದೊಂದು ತಿಂಗಳ ಮಟ್ಟಿಗೆ ಹಾಕಿದರೆ ಏಕಕಾಲದ ರಾತ್ರಿಗಳೆಲ್ಲ ಸಿಗುತ್ತವೆ. ಹಣ ಕಟ್ಟಿದ ದಿನವೇ ಯುಪಿಐ ಆ್ಯಪ್‌ಗೆ ಹೋಗಿ ಆಟೊಪೇ ನಿಲ್ಲಿಸಿ, ಕಟ್ಟಿದ ಅವಧಿ ಮುಗಿಯುವವರೆಗೆ ಪಂದ್ಯ ಬರುತ್ತಲೇ ಇರುತ್ತದೆ.