ಪಾಲಿಶ್ ಎಷ್ಟು ಬೇಕು ಅಂತ ಕೇಳುವ ಅಕ್ಕಿ ಮಿಲ್ಲು

“ಪಾಲಿಶ್ ಎಷ್ಟು ಬೇಕು ಟೀಚರೇ?”

ಮೊದಲ ದಿನ ಈ ಪ್ರಶ್ನೆ ಕೇಳಿ ನಾನು ಸುಮ್ನೆ ನಿಂತುಬಿಟ್ಟೆ. ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ದಿನಕ್ಕೆ ಎರಡು ಹೊತ್ತು ಉಣ್ಣುವ ಅನ್ನದ ಬಗ್ಗೆ ಯಾರೂ ನನ್ನನ್ನು ಹೀಗೆ ಕೇಳಿದ್ದೇ ಇಲ್ಲ. ಅಂಗಡಿಯಲ್ಲಿ ಕೇಳುವುದು ಯಾವ ಬ್ರ್ಯಾಂಡ್, ಹತ್ತು ಕಿಲೋದ ಚೀಲವಾ, ಇಪ್ಪತ್ತೈದರದ್ದಾ ಅಂತ ಅಷ್ಟೇ.

ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಬಸ್ಸಿನಿಂದ ಇಳಿದು, ತೋಟದ ಬದಿಯ ದಾರಿಯಲ್ಲಿ ಐದು ನಿಮಿಷ ನಡೆದರೆ ಈ ಮಿಲ್ಲು ಸಿಗುತ್ತದೆ. ಹೆಸರು ಬರೆಯುತ್ತಿಲ್ಲ. ಮಾಲಕರೇ ಬೇಡ ಅಂದರು. ಈಗ ಬರುವವರಿಗೇ ಸರಿಯಾದ ಸಮಯಕ್ಕೆ ಭತ್ತ ಬೇಯಿಸಿ ಕೊಡಲು ಆಗುತ್ತಿಲ್ಲ, ಇನ್ನೂ ಜನ ಬಂದರೆ ಕೆಲಸ ಕೆಡುತ್ತದೆ ಎಂಬ ಹೆದರಿಕೆ ಅವರಿಗೆ. ಆದರೂ ಬರೆಯಬೇಕು ಅನ್ನಿಸಿತು. ಇಂಥ ಮಿಲ್ಲು ನಿಮ್ಮ ಊರಿನಲ್ಲೂ ಒಂದು ಉಳಿದಿರಬಹುದು, ಹುಡುಕುವಾಗ ಏನು ನೋಡಬೇಕು ಅಂತ ಗೊತ್ತಿದ್ದರೆ ಒಳ್ಳೆಯದಲ್ವಾ?

ನಾನು ಅಲ್ಲಿಗೆ ಹೋದದ್ದು ನಮ್ಮವರ ಸಕ್ಕರೆ ಕಾಯಿಲೆಯಿಂದಾಗಿ. ಅವರಿಗೆ ಕಾಯಿಲೆ ಗೊತ್ತಾದದ್ದು 2019ರಲ್ಲಿ. ಡಾಕ್ಟರು ಅನ್ನ ಕಡಿಮೆ ಮಾಡಿ, ಚಪಾತಿ ತಿನ್ನಿ ಅಂದರು. ಆಗ ನಾನು ಇನ್ನೂ ಶಾಲೆಗೆ ಹೋಗುತ್ತಿದ್ದೆ. ರಾತ್ರಿ ಬಂದು ಹಿಟ್ಟು ಕಲಸಿ ಲಟ್ಟಿಸುವ ತ್ರಾಣ ಇರುತ್ತಿರಲಿಲ್ಲ. ನಮ್ಮ ಕಡೆ ಪ್ರತಿ ಅಂಗಡಿಯಲ್ಲೂ ಅರ್ಧ ಬೇಯಿಸಿದ ಚಪಾತಿಯ ಪ್ಯಾಕೆಟ್ ಸಿಗುತ್ತದೆ. ಕಾವಲಿಯಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಆಯಿತು. ಎರಡು ವರ್ಷ ಅದನ್ನೇ ಕೊಟ್ಟೆ. ಒಳ್ಳೆಯದನ್ನೇ ಕೊಡುತ್ತಿದ್ದೇನೆ ಅಂತ ನಂಬಿದ್ದೆ.

ಒಂದು ದಿನ ಕನ್ನಡಕ ಹಾಕಿಕೊಂಡು ಪ್ಯಾಕೆಟಿನ ಹಿಂಬದಿ ಓದಿದೆ. ಗೋಧಿ ಹಿಟ್ಟಿನ ಜೊತೆಗೆ ಮೈದಾ, ತಾಳೆ ಎಣ್ಣೆ, ಉಪ್ಪು, ಆಮೇಲೆ ಐಎನ್‌ಎಸ್ 282. ಅದು ಕ್ಯಾಲ್ಸಿಯಂ ಪ್ರೊಪಿಯೊನೇಟ್, ಬೂಸಲು ಬಾರದ ಹಾಗೆ ಬ್ರೆಡ್ಡಿಗೂ ಹಾಕುತ್ತಾರೆ. ವಿಷ ಏನಲ್ಲ, ಕಾನೂನು ಒಪ್ಪಿದ ವಸ್ತುವೇ. ನನಗೆ ಸಂಕಟ ಆದದ್ದು ಮೈದಾ ನೋಡಿ. ಅನ್ನ ಬಿಡಿಸಿ ನಾನು ಅವರಿಗೆ ಮೈದಾ ತಿನ್ನಿಸಿದ್ದೆ.

ಮತ್ತೆ ಅನ್ನಕ್ಕೇ ಬಂದೆವು, ಕೆಂಪಕ್ಕಿ ಒಳ್ಳೆಯದು ಅಂತ. ಪೇಟೆಯ ಒಂದು ಅಂಗಡಿಯಿಂದ ಚಂದದ ಚೀಲದಲ್ಲಿ ಬಂದ ಕೆಂಪು ಕುಚ್ಚಲಕ್ಕಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ, ತಂದೆ. ತೊಳೆದಾಗ ನೀರು ಕುಂಕುಮ ಕಲಸಿದ ಹಾಗಾಯಿತು. ಮೂರನೇ ಸಲ ತೊಳೆದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಬಿಳಿ ಅಕ್ಕಿ. ನಿಜವಾದ ಕೆಂಪಕ್ಕಿಯ ನೀರಿಗೂ ಸ್ವಲ್ಪ ಬಣ್ಣ ಬರುತ್ತದೆ, ಆದರೆ ಕಾಳು ಬೆಳ್ಳಗಾಗುವುದಿಲ್ಲ. ಅದರ ಕೆಂಪು ಹೊರಗಿನ ತವುಡಿನ ಪದರದಲ್ಲೇ ಅಂಟಿಕೊಂಡಿರುತ್ತದೆ. ಆ ಚೀಲವನ್ನು ವಾಪಸು ತೆಗೆದುಕೊಂಡು ಹೋದೆ. ಅಂಗಡಿಯವರು ದುಡ್ಡು ಕೊಟ್ಟರು, ಮಾತು ಕೊಡಲಿಲ್ಲ.

ಆ ಬೇಸರದಲ್ಲೇ ನೀರ್ಚಾಲಿನಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಅಲ್ಲಿ ಗದ್ದೆಗಳೆಲ್ಲ ಅಡಿಕೆ ತೋಟ ಆದರೂ ಅಣ್ಣ ಅರ್ಧ ಎಕರೆ ಬಿಟ್ಟಿಲ್ಲ, ಈಗಲೂ ಎಂ.ಓ. 4 ಎಂಬ ಕೆಂಪು ಭತ್ತದ ತಳಿ ಬಿತ್ತುತ್ತಾನೆ. ಈ ಮಿಲ್ಲಿನ ದಾರಿ ಹೇಳಿದವನು ಅವನೇ.

ಇನ್ನು ಮಿಲ್ಲಿನ ಒಳಗಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ವ್ಯತ್ಯಾಸ ಇರುವುದು ಯಂತ್ರದಲ್ಲಿ. ಹಳೆಯ ಹಲ್ಲರ್ ಯಂತ್ರ ನಿಮಗೆ ನೆನಪಿರಬಹುದು. ಕಬ್ಬಿಣದ ಉರುಳೆಯೊಳಗೆ ಭತ್ತ ತಿಕ್ಕಿ ತಿಕ್ಕಿ, ಉಮಿ ಮತ್ತು ತವುಡು ಒಟ್ಟಿಗೇ ಕಿತ್ತು ಬರುತ್ತದೆ. ನುಚ್ಚೂ ಜಾಸ್ತಿ. ಅದರಲ್ಲಿ ಉಮಿ ಮಾತ್ರ ತೆಗೆಯಿರಿ, ತವುಡು ಇರಲಿ ಅಂದರೆ ಆಗುವುದಿಲ್ಲ. ಈ ಮಿಲ್ಲಿನಲ್ಲಿ ಇರುವುದು ಎರಡು ರಬ್ಬರಿನ ಉರುಳೆಗಳ ಯಂತ್ರ. ಎರಡೂ ಬೇರೆ ಬೇರೆ ವೇಗದಲ್ಲಿ, ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ನಡುವೆ ಬಿದ್ದ ಭತ್ತದ ಸಿಪ್ಪೆ ಜಾರಿ ಹೋಗುತ್ತದೆ, ತವುಡು ಕಾಳಿನ ಮೇಲೇ ಉಳಿಯುತ್ತದೆ. ಪಾಲಿಶ್ ಮಾಡುವ ಯಂತ್ರ ಪಕ್ಕದಲ್ಲಿ ಬೇರೆಯೇ ಇದೆ. ಅದರೊಳಗೆ ಹಾಕುವುದೋ ಬೇಡವೋ, ಎಷ್ಟು ಬಿಗಿ ಮಾಡುವುದು, ಎಲ್ಲ ಗಿರಾಕಿಯ ಇಷ್ಟ. ಬೇಡ ಅಂದರೆ ಬೇಡ. ಅರ್ಧ ಅಂದರೆ ಒಂದು ಸಲ ಹಗುರವಾಗಿ ದಾಟಿಸುತ್ತಾರೆ, ಒಂದು ಮುಷ್ಟಿ ತೆಗೆದು ಅಂಗೈಯಲ್ಲಿಟ್ಟು ತೋರಿಸುತ್ತಾರೆ, ಸಾಕಾ ಅಂತ ಕೇಳುತ್ತಾರೆ.

ನಾನು ತರುವುದು ಅರ್ಧ ಪಾಲಿಶ್. ಪೂರ್ತಿ ತವುಡಿನ ಅಕ್ಕಿ ಮೊದಲು ತಂದಿದ್ದೆ, ಬೇಯಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು, ನಮ್ಮವರಿಗೆ ಜಗಿಯಲು ಕಷ್ಟ ಆಯಿತು. ಅರ್ಧದ್ದು ರಾತ್ರಿ ನೆನೆಸಿಟ್ಟರೆ ಬೆಳಗ್ಗೆ ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ. ಗಂಜಿಗೆ ಅದರ ಪರಿಮಳವೇ ಬೇರೆ. ತೆಳಿ, ಅಂದರೆ ಗಂಜಿಯ ನೀರು, ನಸುಗೆಂಪಾಗಿ ದಪ್ಪಗೆ ಬರುತ್ತದೆ, ಅದಕ್ಕೊಂದು ಚಿಟಿಕೆ ಉಪ್ಪು ಹಾಕಿ ಕುಡಿದರೆ ಅಮ್ಮನ ಅಡುಗೆಮನೆ ನೆನಪಾಗುತ್ತದೆ.

ಅಮ್ಮ ಭತ್ತ ಬೇಯಿಸುತ್ತಿದ್ದದ್ದು ಮನೆಯಲ್ಲೇ. ದೊಡ್ಡ ಹಂಡೆಯಲ್ಲಿ ನೆನೆಸಿ, ಸಿಪ್ಪೆ ಬಾಯಿ ಬಿಡುವವರೆಗೆ ಬೇಯಿಸಿ, ಸಗಣಿ ಸಾರಿಸಿದ ಅಂಗಳದಲ್ಲಿ ಹರಡುತ್ತಿದ್ದರು. ನಾವು ಮಕ್ಕಳು ಕಾಲಿನಿಂದ ಸಾಲು ಎಳೆಯಬೇಕಿತ್ತು. ಹೀಗೆ ಬೇಯಿಸುವುದರಲ್ಲಿ ಎಷ್ಟು ದೊಡ್ಡ ವಿಷಯ ಉಂಟು ಅಂತ ನನಗೆ ತಿಳಿದದ್ದು ತೀರಾ ತಡವಾಗಿ. ಭತ್ತ ನೆನೆದು ಹಬೆಯಲ್ಲಿ ಬೇಯುವಾಗ ತವುಡಿನಲ್ಲಿರುವ ಬಿ1 ಜೀವಸತ್ವದ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಆ ಪಾಲು ಒಳಗೆ ಉಳಿಯುತ್ತದೆ. ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಹಾಗಲ್ಲ, ಪಾಲಿಶ್ ಮಾಡಿದಷ್ಟೂ ಹೋಗುತ್ತದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಾಕ್ಟರು ಕೋಳಿಗಳಲ್ಲಿ ಇದನ್ನು ಕಂಡರು. ಬರೀ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಹೋಯಿತು, ತವುಡು ಇರುವ ಅಕ್ಕಿ ಕೊಟ್ಟಾಗ ಸರಿಯಾದವು. ಬಿ1 ಕೊರತೆಯಿಂದ ಮನುಷ್ಯರಿಗೆ ಬರುವ ಬೆರಿಬೆರಿ ಕಾಯಿಲೆಯ ಗುಟ್ಟು ಬಯಲಾಗುತ್ತಾ ಬಂದದ್ದು ಅಲ್ಲಿಂದ. 1929ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. 1930ರ ದಶಕದಲ್ಲಿ ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ಆಯ್ಕ್ರಾಯ್ಡ್ ಎಂಬ ಆಹಾರ ವಿಜ್ಞಾನಿ ಮತ್ತು ಅವರ ಜೊತೆಗಾರರು ಮದ್ರಾಸು ಪ್ರಾಂತ್ಯದ ಅಕ್ಕಿಯನ್ನು ಪರೀಕ್ಷೆ ಮಾಡಿದರು. ಈಗಿನ ಆಂಧ್ರದ ಕರಾವಳಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವವರಲ್ಲಿ ಬೆರಿಬೆರಿ ಇತ್ತು. ಕುಚ್ಚಲಕ್ಕಿ ಉಣ್ಣುವವರಿಗೆ ಅದರಿಂದ ರಕ್ಷಣೆ ಇತ್ತು. ಆಗ ನಮ್ಮ ಕಾಸರಗೋಡೂ ಅದೇ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಮ್ಮನ ಹಂಡೆ ನಮ್ಮನ್ನು ಕಾಪಾಡುತ್ತಿತ್ತು ಅಂತ ಅಮ್ಮನಿಗೇ ಗೊತ್ತಿರಲಿಲ್ಲ.

ಮೊನ್ನೆ ರೇಶನ್ ಅಂಗಡಿಯ ಅಕ್ಕಿ ಆರಿಸುವಾಗ ಮೊಮ್ಮಗ ಕೆಲವು ಬೇರೆ ತರದ ಕಾಳು ತೋರಿಸಿ, ಅಜ್ಜಿ, ಇದು ಪ್ಲಾಸ್ಟಿಕ್ಕಾ ಅಂತ ಕೇಳಿದ. ಪ್ಲಾಸ್ಟಿಕ್ ಅಲ್ಲ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿ ಹಿಟ್ಟಿನಿಂದ ಮಾಡಿದ ಕಾಳು ಅದು. ನೂರು ಕಾಳಿಗೆ ಒಂದರಂತೆ ಬೆರೆಸಿದ್ದರು. ರಕ್ತ ಕಡಿಮೆ ಇರುವ ತಾಯಂದಿರು, ಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ಶಾಲೆಯಲ್ಲಿ ಕಣ್ಣಾರೆ ನೋಡಿದವಳು ನಾನು, ಹಾಗಾಗಿ ಅದು ಬೇಡ ಅನ್ನುವುದಿಲ್ಲ. ಆದರೆ ಮನಸ್ಸಿಗೆ ನೋವಾಗುತ್ತದೆ. ಒಂದು ಕಡೆ ಯಂತ್ರ ತಿಕ್ಕಿ ತಿಕ್ಕಿ ಒಳ್ಳೆಯದನ್ನು ತೆಗೆಯುತ್ತದೆ, ಇನ್ನೊಂದು ಕಡೆ ಇನ್ನೊಂದು ಯಂತ್ರ ಸ್ವಲ್ಪ ತಂದು ಬೆರೆಸುತ್ತದೆ.

ಮೊಮ್ಮಗನನ್ನು ರಜೆಯಲ್ಲಿ ಮಿಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕೆಂಪನ್ನ ಕಂಡರೆ ಮುಖ ತಿರುಗಿಸುತ್ತಿದ್ದ ಹುಡುಗ ಅವನು. ಮಾಲಕರು ಅವನ ಕೈ ಹಿಡಿದು ನೆನೆಸುವ ತೊಟ್ಟಿ, ಹಬೆ ಬರುವ ಕೊಳವೆ, ಒಣಗಿಸುವ ಅಂಗಳ ಎಲ್ಲ ತೋರಿಸಿದರು. ಆಗಷ್ಟೇ ಯಂತ್ರದಿಂದ ಬಿದ್ದ ತವುಡಿಗೆ ಕೈ ಹಾಕಿಸಿದರು. ಬಿಸಿ ಉಂಟು ಅಂತ ಅವನಿಗೆ ಆಶ್ಚರ್ಯ. ಮನೆಗೆ ಬಂದು ತನ್ನ ಬಿಸ್ಕೆಟ್ ಪ್ಯಾಕೆಟ್ ತಿರುಗಿಸಿ ಓದಿದ. ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಎಂಬ ನಿಯಮ ಉಂಟು ಅಂತ ನಾನು ಹೇಳಿಕೊಟ್ಟಿದ್ದೆ. ಮೈದಾ, ಸಕ್ಕರೆ, ತಾಳೆ ಎಣ್ಣೆ. ಮೂರು ಹೆಸರು ಓದಿ ಪ್ಯಾಕೆಟ್ ಕೆಳಗಿಟ್ಟ. ಬಿಸ್ಕೆಟ್ ಪೂರ್ತಿ ಬಿಟ್ಟಿಲ್ಲ, ಕಡಿಮೆ ಆಗಿದೆ. ಕೆಂಪನ್ನಕ್ಕೆ ಮೊಸರು ಹಾಕಿ ಕೊಟ್ಟರೆ ಈಗ ತಿನ್ನುತ್ತಾನೆ.

ನಮ್ಮವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 8.4 ಇದ್ದದ್ದು ಈಗ 7.3ಕ್ಕೆ ಬಂದಿದೆ. ಮಾತ್ರೆ ಅಷ್ಟೇ ಇದೆ. ಇದನ್ನು ಓದಿ ಅಕ್ಕಿ ಬದಲಿಸಿದರೆ ಕಾಯಿಲೆ ಹೋಗುತ್ತದೆ ಅಂತ ದಯವಿಟ್ಟು ತಿಳಿಯಬೇಡಿ. ಅನ್ನದ ಅಳತೆಯನ್ನೂ ನಾವು ಅರ್ಧ ಮಾಡಿದ್ದೇವೆ. ಅವರು ಸಂಜೆ ಮುಕ್ಕಾಲು ಗಂಟೆ ನಡೆಯುತ್ತಾರೆ. 2025ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ನಮ್ಮ ದೇಶದವರಿಗೆ ಸಿಗುವ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಬರುವುದು ಅನ್ನ, ಹಿಟ್ಟು, ಸಕ್ಕರೆಯಂಥ ಶರ್ಕರಪಿಷ್ಟದ ಆಹಾರದಿಂದ. ಬಿಳಿ ಧಾನ್ಯದ ಬದಲು ಇಡೀ ಗೋಧಿ, ಸಿರಿಧಾನ್ಯ ತಿಂದರೂ ಒಟ್ಟು ಶರ್ಕರಪಿಷ್ಟ ಕಡಿಮೆಯಾಗದಿದ್ದರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವುದು ಅದರಲ್ಲಿ ಕಾಣಲಿಲ್ಲ. ಬೇಳೆಕಾಳು, ಹಾಲು ಮೊಸರಿನಂಥದ್ದು ಆ ಜಾಗಕ್ಕೆ ಬಂದಾಗ ಅಪಾಯ ಕಡಿಮೆ ಇತ್ತು. ಹಾಗಾಗಿ ಈಗ ನಮ್ಮ ಗಂಜಿಯ ಬಟ್ಟಲು ಸಣ್ಣದು, ಪಕ್ಕದಲ್ಲಿ ಪದೆಂಗಿ ಪಲ್ಯ ಜಾಸ್ತಿ. ಹೆಸರು ಕಾಳಿಗೆ ನಮ್ಮಲ್ಲಿ ಪದೆಂಗಿ ಅಂತಲೇ ಹೇಳುವುದು. ಐಸಿಎಂಆರಿನದ್ದೇ 2023ರ ಸಮೀಕ್ಷೆಯಲ್ಲಿ ಕೇರಳದ ವಯಸ್ಕರಲ್ಲಿ ನೂರಕ್ಕೆ 25 ಜನರಿಗೆ ಸಕ್ಕರೆ ಕಾಯಿಲೆ ಇತ್ತು. ನಾಲ್ಕರಲ್ಲಿ ಒಬ್ಬರು. ನಮ್ಮ ಕುಟುಂಬದ ಮದುವೆ ಊಟದ ಪಂಕ್ತಿಯಲ್ಲಿ ಕೂತವರನ್ನು ಎಣಿಸಿದರೆ ನನಗೆ ಆ ಲೆಕ್ಕ ಸುಳ್ಳು ಅನ್ನಿಸುವುದಿಲ್ಲ.

ಮಿಲ್ಲಿನಲ್ಲಿ ಕೊರತೆ ಇಲ್ಲವೆಂದಲ್ಲ. ಎರಡು ಸಲ ಅಕ್ಕಿಯಲ್ಲಿ ಕಲ್ಲು ಸಿಕ್ಕಿದೆ. ಅಂಗಳದಲ್ಲಿ ಒಣಗಿಸಿದ ಭತ್ತ ಅದು, ಗೆರಸಿಯಲ್ಲಿ ಕೇರಿಯೇ ಬೇಯಿಸಿ. ಒಳಗೆ ಧೂಳು ತುಂಬಾ, ದಮ್ಮು ಇರುವವರು ಹೊರಗೇ ನಿಲ್ಲಿ. ಮಳೆಗಾಲದಲ್ಲಿ ಬಿಸಿಲು ಇಲ್ಲದೆ ಹತ್ತು ಹದಿನೈದು ದಿನ ಕಾಯಬೇಕಾಗುತ್ತದೆ, ಒಂದು ಸಲ ಜುಲೈಯಲ್ಲಿ ತಂದ ಅಕ್ಕಿಗೆ ಸ್ವಲ್ಪ ಹುಳಿ ವಾಸನೆ ಇತ್ತು. ನೆನೆಸಿದ ನೀರು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಹಾಗಾಗುತ್ತದೆ ಅಂತ ಅವರೇ ಒಪ್ಪಿಕೊಂಡು ಮುಂದಿನ ಸಲ ಎರಡು ಕಿಲೋ ಜಾಸ್ತಿ ಕೊಟ್ಟರು. ನನಗೆ ಬೇಕಿದ್ದದ್ದು ಅಕ್ಕಿಯಲ್ಲ, ಚೀಲದ ಮೇಲೆ ಮಿಲ್ಲು ಮಾಡಿದ ತಾರೀಕು. ತವುಡಿನಲ್ಲಿ ಎಣ್ಣೆ ಅಂಶ ಉಂಟು, ದಿನ ಕಳೆದ ಹಾಗೆ ಕಮಟು ಬರುತ್ತದೆ. ಕುಚ್ಚಲಕ್ಕಿಯಲ್ಲಿ ಅದು ನಿಧಾನ, ಬೆಳ್ತಿಗೆಯಲ್ಲಿ ಬೇಗ. ತಾರೀಕು ಬರೆಯಿರಿ ಅಂತ ಮೂರು ಸಲ ಹೇಳಿದ್ದೇನೆ. ಮಾರ್ಕರ್ ಪೆನ್ನು ನಾನೇ ಕೊಂಡು ಹೋಗಿ ಕೊಟ್ಟ ಮೇಲೆ ಈಗ ಬರೆಯುತ್ತಿದ್ದಾರೆ.

ನಾನು ಕೊಡುವ ರೇಟು: ಅವರದೇ ಕೆಂಪು ಕುಚ್ಚಲಕ್ಕಿ, ಅರ್ಧ ಪಾಲಿಶ್, ಕಿಲೋಗೆ 62 ರೂಪಾಯಿ. ಪೇಟೆಯ ಚೀಲಕ್ಕಿಂತ ಏಳೆಂಟು ರೂಪಾಯಿ ಜಾಸ್ತಿ. ನಿಮ್ಮದೇ ಭತ್ತ ಕೊಂಡೊಯ್ದರೆ ಕೂಲಿ ಮಾತ್ರ, ತವುಡು ನಿಮಗೇ. ರಾಗಿ, ಪುಟ್ಟಿನ ಹುಡಿ, ಅರಸಿನ ಕೂಡ ಹುಡಿ ಮಾಡಿ ಕೊಡುತ್ತಾರೆ. ಮೆಣಸಿನ ಹುಡಿಗೆ ಬೇರೆ ಯಂತ್ರ ಇಲ್ಲ, ಹಾಗಾಗಿ ರಾಗಿ ಮಾಡಿಸುವುದಿದ್ದರೆ ಮೆಣಸಿಗಿಂತ ಮೊದಲು ಹೋಗಿ. ಬಟ್ಟೆಯ ಚೀಲ ಮನೆಯಿಂದಲೇ ಒಯ್ಯಿರಿ. ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ, ಪೂರ್ತಿ ತವುಡಿನದ್ದಾದರೆ ಎರಡು ವಾರದ್ದು ಸಾಕು.

ಮಾಲಕರು ಒಂದು ಮೂಲೆಯಲ್ಲಿ ಹತ್ತಾರು ಸಣ್ಣ ಡಬ್ಬಿಗಳಲ್ಲಿ ಭತ್ತದ ಬೀಜ ಇಟ್ಟಿದ್ದಾರೆ. ಒಂದರ ಮೇಲೆ ರಾಜಕಯಮೆ ಅಂತ ಬರೆದಿತ್ತು. ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು ಉಳಿಸಿ ಹಂಚಿದ ತಳಿ ಅದು. 650ಕ್ಕೂ ಹೆಚ್ಚು ತಳಿ ಕಾಪಾಡಿದ್ದಕ್ಕೆ 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಊರಿಗೆಲ್ಲ ಹಬ್ಬ. ಡಬ್ಬಿ ನೋಡುತ್ತಾ ನಿಂತಿದ್ದೆ. “ಅಣ್ಣನಿಗೆ ಒಂದು ಮುಷ್ಟಿ ಕೊಂಡೋಗಿ ಟೀಚರೇ, ಮಡಿಯ ಒಂದು ಮೂಲೆಯಲ್ಲಿ ಹಾಕಿ ನೋಡಲಿ” ಅಂದರು. ಕಾಗದದಲ್ಲಿ ಕಟ್ಟಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಪೊಟ್ಟಣ ಅಣ್ಣನ ಕೈ ಸೇರಿದೆ. ಬುಧವಾರ ಅವನ ಗದ್ದೆಯ ಎರಡು ಚೀಲ ಭತ್ತ ಮಿಲ್ಲಿಗೆ ಒಯ್ಯಲಿಕ್ಕುಂಟು. ಮೊಮ್ಮಗನಿಗೂ ಆ ದಿನ ಶಾಲೆಗೆ ರಜೆ.